ಕೆಂಚಕ್ಕನ ಒಂದೂಮುಕ್ಕಾಲು ನಿಮಿಷ

ಕೆಂಚಕ್ಕ ನೀರಿನಲ್ಲಿ ಮುಳುಗಿದರೆ ನಾನು ಬಾವಿಯ ಮೆಟ್ಟಿಲ ಮೇಲೆ ಕೂತು ಹದಿಮೂರರ ಮಗ್ಗಿ ಶುರು ಮಾಡುತ್ತಿದ್ದೆ. ಹದಿಮೂರು ಹತ್ಲ ನೂರಮೂವತ್ತು ಎಂದು ಮುಗಿಸಿದರೂ ಅವಳ ತಲೆ ಕಾಣುತ್ತಿರಲಿಲ್ಲ. ಹದಿನಾಲ್ಕಕ್ಕೆ ಕೈ ಹಾಕುವಷ್ಟರಲ್ಲಿ, ನಾನು ನೋಡದ ಮೂಲೆಯಿಂದಲೇ ಎದ್ದು, ಬಾಯಲ್ಲಿದ್ದ ನೀರನ್ನು ಪಿಚಕ್ಕನೆ ಉಗಿದು ನಗುತ್ತಿದ್ದಳು. ಐವತ್ತೆರಡರ ಹೆಂಗಸು! ನನಗೆ ಅಷ್ಟರಲ್ಲಿ ಜೀವ ಬಾಯಿಗೆ ಬಂದಿರುತ್ತಿತ್ತು.

ಮಧುಗಿರಿಗೂ ಕೊರಟಗೆರೆಗೂ ನಡುವಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಗಣಿತದ ಮೇಡಂ, ಅವಳು ಬಿಸಿಯೂಟದ ಅಡುಗೆಯವಳು. ನನ್ನ ಸೊಂಟನೋವಿಗೆ ಡಾಕ್ಟರು ಈಜಿರಿ ಎಂದಿದ್ದರು. ಮಧುಗಿರಿಯಲ್ಲಿ ಎಲ್ಲಿ ಈಜಲಿ, ಬಕೆಟ್ಟಿನಲ್ಲೇ ಎಂದು ಸಾರಿನ ಪಾತ್ರೆಯ ಮುಂದೆ ರೇಗಾಡುತ್ತಿದ್ದಾಗ ಕೆಂಚಕ್ಕ ಸೌಟು ಬಿಡದೆ, ಶಾಲೆ ಹಿಂದಿನ ತೋಟದ ಬಾವಿ ಏನು ಸತ್ತುಹೋಗಿದೆಯೇ ಎಂದು ಕೇಳಿದಳು. ಮರುದಿನ ಶಾಲೆ ಬಿಟ್ಟ ಮೇಲೆ ನನ್ನ ಬೆನ್ನಿಗೆ ಎರಡು ಒಣ ಸೋರೆಬುರುಡೆ ಕಟ್ಟಿ, ಅಮ್ಮಾ ಎನ್ನುವುದಕ್ಕೂ ಬಿಡದೆ ನೂಕಿದಳು. ನಲವತ್ತೊಂದನೇ ವಯಸ್ಸಿನಲ್ಲಿ, ಚೂಡಿದಾರ ತೊಟ್ಟು, ಬುರುಡೆ ಹೊತ್ತು ತೇಲಿದ ನನ್ನನ್ನು ಯಾವ ವಿದ್ಯಾರ್ಥಿಯೂ ನೋಡಲಿಲ್ಲ, ಪುಣ್ಯ.

ಶಾಲೆಯಲ್ಲಿ ಅವಳದು 'ಬನ್ನಿ ಮೇಡಂ, ಹೋಗಿ ಮೇಡಂ'. ಬಾವಿಗಿಳಿದರೆ ಮರ್ಯಾದೆಯೆಲ್ಲ ದಡದಲ್ಲಿ. ಕಾಲು ಬಡಿಯೇ, ಕತ್ತು ಬುಡೇ ಎಂದು ಬೈಯುತ್ತಿದ್ದಳು. ನಾನು ಹೆದರಿ ನೀರನ್ನು ಹೊಡೆದಾಡಿದರೆ, "ನೀರ್ ಜೊತೆ ಜಗಳ ಆಡ್ಬ್ಯಾಡ ಕಣಮ್ಮ. ಅದ್ಕೆ ದಣಿವಿಲ್ಲ, ನಿಂಗೈತೆ" ಎನ್ನುತ್ತಿದ್ದಳು. ಈ ಮಾತನ್ನು ಆಮೇಲೆ ನಾನು ಅತ್ತೆಯ ವಿಷಯದಲ್ಲೂ ಹೆಡ್‌ಮಾಸ್ಟರ ವಿಷಯದಲ್ಲೂ ಪಾಲಿಸಿ ಸುಖವಾಗಿದ್ದೇನೆ.

ಅವಳು ಅಷ್ಟು ಹೊತ್ತು ಉಸಿರು ಕಟ್ಟುವುದನ್ನು ಕಲಿತದ್ದು ಆಟಕ್ಕಲ್ಲ ಎಂದು ತಿಳಿದದ್ದು ತಡವಾಗಿ. ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಕೆರೆಗೋ ಬಾವಿಗೋ ಬಿದ್ದರೆ ಕೆಂಚಕ್ಕನಿಗೆ ಕರೆ ಬರುತ್ತಿತ್ತು. ಒಲೆ ಆರಿಸಿ, ಬೈಕಿನ ಹಿಂದೆ ಕೂತು ಹೋಗಿ, ಮುಳುಗಿ, ಹೆಣ ಎತ್ತಿಕೊಟ್ಟು, ತಲೆಗೆ ನೀರು ಹಾಕಿಕೊಂಡು ಬರುತ್ತಿದ್ದಳು. ಕೊಟ್ಟ ಎಲೆ ಅಡಿಕೆ ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ಒಂದು ಸಲ ಅಂಥ ಕಡೆಯಿಂದ ಬಂದವಳು ಮಕ್ಕಳಿಗೆ ಬಡಿಸಿ ಮುಗಿಸಿ, ನನ್ನ ಪಕ್ಕ ಕೂತಳು.

"ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕೋ ಕೆಲ್ಸ ನಂದು," ಅಂದಳು. "ಹನ್ನೊಂದು ಜನನ ಎತ್ತಿವ್ನಿ. ಒಬ್ರಿಗೂ ಉಸಿರಿರ್ಲಿಲ್ಲ. ಸಾಯೋದ್ರೊಳ್ಗೆ ಉಸಿರಿರೋ ಒಂದು ಜೀವ ಎತ್ಬೇಕು ಕಣಮ್ಮ, ಒಂದೇ ಒಂದು."

ಅವಳು ಒಂದು ದಿನವಾದರೂ ಸಂತೋಷಕ್ಕೆ ಈಜಲಿ ಎಂಬ ಹಟ ನನಗೆ ಹತ್ತಿದ್ದು ಆವತ್ತೇ. ತುಮಕೂರಿನ ಈಜುಕೊಳದಲ್ಲಿ ಮೂವತ್ತೈದು ದಾಟಿದವರಿಗೆ ಸ್ಪರ್ಧೆಯಿದೆ ಎಂಬ ಸುದ್ದಿ ಮೊಬೈಲಿನಲ್ಲಿ ಬಂದದ್ದೇ ತಡ, ಅವಳ ಹೆಸರು ಕೊಟ್ಟುಬಿಟ್ಟೆ.

ಮೈತುಂಬ ಮುಚ್ಚುವ ಈಜುಡುಗೆ ತೊಡಿಸಿದ್ದು ಒಂದು ದೊಡ್ಡ ಕಥೆ. ತಾಳಿ ಬಿಚ್ಚುವುದಿಲ್ಲ ಎಂದಳು, ಟೋಪಿಯೊಳಗೆ ಕೂದಲಿನ ಗಂಟು ಹಿಡಿಸುವುದಿಲ್ಲ ಎಂದಳು, ಕನ್ನಡಿಯಲ್ಲಿ ನೋಡಿಕೊಂಡು ಎಮ್ಮೆಕರು ಎಂದು ತಾನೇ ನಕ್ಕಳು. ಐವತ್ತು ಮೀಟರಿನ ಸ್ಪರ್ಧೆ. ಕೊಳದ ಉದ್ದ ಇಪ್ಪತ್ತೈದು. ಹೋಗಿ, ಗೋಡೆ ಮುಟ್ಟಿ, ತಿರುಗಿ ಬರಬೇಕು. ನಾನು ಹೇಳಿದ್ದೆ, ಅವಳು ತಲೆಯಾಡಿಸಿದ್ದಳು. ಸೀಟಿ ಊದಿದರು. ತಲೆ ನೀರಿನ ಮೇಲೆತ್ತಿಕೊಂಡೇ ಎಲ್ಲರಿಗಿಂತ ಮುಂದೆ ಹೋಗಿ ಗೋಡೆ ಮುಟ್ಟಿದವಳು, ಎರಡೂ ಕೈಯೂರಿ ದಡ ಹತ್ತಿ, ಟೋಪಿ ಕಿತ್ತು, ಕೂದಲು ಹಿಂಡತೊಡಗಿದಳು. ನಾನು ಈಚೆಯಿಂದ ತಿರುಗು ತಿರುಗು ಎಂದು ಕೂಗುತ್ತಿದ್ದೇನೆ, ಅವಳು ನನಗೇ ಕೈಬೀಸುತ್ತಿದ್ದಾಳೆ. ಬಾವಿಯಲ್ಲಿ ಈಜಿದವರಿಗೆ ಗೋಡೆ ಸಿಕ್ಕಿತೆಂದರೆ ಮುಗಿಯಿತು. ಸಿಕ್ಕಿದ ದಡ ಬಿಟ್ಟು ಮತ್ತೆ ನೀರಿಗೆ ಬೀಳುವ ಬುದ್ಧಿಗೇಡಿ ಯಾರು? ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಕೇಳಿದಳು.

ಆದರೂ ಅದು ಅವಳಿಗೆ ನಾಟಿತ್ತು. ಇಡೀ ವರ್ಷ ಬಾವಿಯಲ್ಲಿ ತಿರುಗುವುದನ್ನು ಅಭ್ಯಾಸ ಮಾಡಿದಳು. ಕಲ್ಲು ಮುಟ್ಟುವುದು, ಕಾಲಲ್ಲಿ ಒದೆಯುವುದು, ವಾಪಸ್ಸು. ನಾನು ಮೊಬೈಲು ಹಿಡಿದು ಹೊತ್ತು ನೋಡಬೇಕು. ಪ್ರತಿ ಸಲವೂ 'ಎಷ್ಟಾಯ್ತು' ಎಂದು ಕೇಳುವಳು. ಒಂದೆರಡು ಸೆಕೆಂಡು ಕಡಿಮೆಯಾಗಿದ್ದರೆ ಮರುದಿನ ನನ್ನ ತಟ್ಟೆಗೆ ಸಾರಿನಡಿಯ ಗಟ್ಟಿ ಬೇಳೆ ಬೀಳುತ್ತಿತ್ತು.

ಎರಡನೇ ಸಲದ ಸ್ಪರ್ಧೆ ಒಂದು ಭಾನುವಾರ. ಅವಳ ಮೊಬೈಲನ್ನು ನಾನೇ ಸದ್ದಡಗಿಸಿ ನನ್ನ ಬ್ಯಾಗಿನಲ್ಲಿ ಹಾಕಿಕೊಂಡೆ; ಗಮನ ಅತ್ತಿತ್ತ ಹೋಗದಿರಲಿ ಎಂದು. ಕೆಂಚಕ್ಕ ಹೋದಳು, ಗೋಡೆ ಮುಟ್ಟಿದಳು, ಒದ್ದಳು, ತಿರುಗಿದಳು. ನಾನು ಮೇಡಂ ಎಂಬುದನ್ನು ಮರೆತು ಶಿಳ್ಳೆ ಹಾಕಿದೆ. ಒಂದೂಮುಕ್ಕಾಲು ನಿಮಿಷ. ಮೂರನೇ ಸ್ಥಾನ. ಅವಳ ವಯಸ್ಸಿನವರಲ್ಲಿ ಇದ್ದವರೇ ಮೂರು ಜನ, ಇರಲಿ, ಪದಕ ಪದಕವೇ. ಕೊರಳಿಗೆ ಹಾಕಿಸಿಕೊಂಡು, ತಾಳಿಗೆ ತಗುಲಿ ಟಣ್ ಎಂದಾಗ ಹುಡುಗಿಯಂತೆ ನಾಚಿಕೊಂಡಳು. ಬಟ್ಟೆ ಬದಲಿಸುವ ಮುನ್ನ ಪದಕವನ್ನು ನನ್ನ ಬ್ಯಾಗಿಗೆ ಹಾಕಲು ಹೋದೆ. ಅಲ್ಲಿ ಅವಳ ಮೊಬೈಲು ಮಿನುಗುತ್ತಿತ್ತು. ಹತ್ತೊಂಬತ್ತು ಸಲ ಕರೆ ಬಂದಿತ್ತು.

ಅವಳ ಪಕ್ಕದ ಮನೆಯ ಸೊಸೆ ಮಂಜುಳ, ಸೇವಂತಿಗೆ ಗಿಡಕ್ಕೆ ಔಷಧಿ ಕಲಸಲು ನೀರು ತರಲೆಂದು ಮನೆ ಹಿಂದಿನ ಹೊಲದ ಕೃಷಿಹೊಂಡಕ್ಕೆ ಬಗ್ಗಿದವಳು ಜಾರಿಬಿದ್ದಿದ್ದಳು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿದರೆ ಕಾಲೂ ನಿಲ್ಲದು, ಕೈಯೂ ನಿಲ್ಲದು. ಬಹಳ ಹೊತ್ತು ಹಾಳೆ ಕೆರೆಯುತ್ತಾ ಕೂಗಿಕೊಂಡಳಂತೆ. ಆ ಭಾಗದಲ್ಲಿ ಈಜು ಬರುವವಳು ಕೆಂಚಕ್ಕ ಒಬ್ಬಳೇ. ಜನ ಎಸೆದ ಸೀರೆ ಮಂಜುಳನ ಕೈಗೆ ಎಟುಕಲಿಲ್ಲ.

ಕರೆ ಎತ್ತಿದ್ದರೂ ತುಮಕೂರಿನಿಂದ ಏನು ಮಾಡಲಾಗುತ್ತಿತ್ತು? ಏನೂ ಇಲ್ಲ. ಲೆಕ್ಕ ಹೇಳಿಕೊಡುವವಳು ನಾನು, ಈ ಲೆಕ್ಕ ನನಗೆ ಗೊತ್ತು. ಆದರೂ ಹತ್ತೊಂಬತ್ತು ಸಲ ಅದು ನನ್ನ ಬ್ಯಾಗಿನಲ್ಲಿ ಸದ್ದಿಲ್ಲದೆ ಅತ್ತಿದೆ.

ಒದ್ದೆ ಈಜುಡುಗೆಯ ಮೇಲೇ ಸೀರೆ ಸುತ್ತಿಕೊಂಡು ಬಸ್ಸು ಹತ್ತಿದಳು. ಸೀಟೆಲ್ಲ ನೆನೆಯಿತೆಂದು ಕಂಡಕ್ಟರು ರೇಗಿದ. ನಾನು ಅವನ ಮೇಲೆ ಹಾರಿಬಿದ್ದೆ. ಇನ್ಯಾರ ಮೇಲೆ ಹಾರಿಬೀಳಲಿ?

ಹೊಂಡದ ಸುತ್ತ ಊರೇ ಸೇರಿತ್ತು. ಅಗ್ನಿಶಾಮಕದವರು ದಾರಿಯಲ್ಲಿದ್ದರು. ಜನ ಕೆಂಚಕ್ಕನನ್ನು ಕಂಡು ಸುಮ್ಮನೆ ದಾರಿ ಬಿಟ್ಟರು. ಮಂಜುಳನ ಅತ್ತೆ ಬೈಯಲಿಲ್ಲ, ಶಾಪ ಹಾಕಲಿಲ್ಲ. "ನಿನ್ ಮನೆತಾವ ಓಡ್ಬಂದೆ ಕೆಂಚಕ್ಕ, ಬೀಗ ಹಾಕಿತ್ತು," ಎಂದಷ್ಟೇ ಅಂದಳು. ಕೆಂಚಕ್ಕ ಸೀರೆ ಕಳಚಿ, ಸ್ಪರ್ಧೆಗೆ ತೊಟ್ಟಿದ್ದ ಅದೇ ಕಪ್ಪು ಉಡುಗೆಯಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಇಳಿದಳು. ನಾನು ಮಗ್ಗಿ ಹೇಳಲಿಲ್ಲ. ಈ ಸಲ ಅವಳು ಬೇಗ ಎದ್ದಳು. ಹನ್ನೆರಡನೆಯವಳು ಮಂಜುಳ.

ನನಗೂ ಈಜು ಬರುತ್ತಿತ್ತಲ್ಲ, ಬುರುಡೆ ಬಿಟ್ಟು ವರ್ಷವಾಗಿತ್ತು. ಆದರೆ ಆ ಜಾರುವ ಅಂಚಿನಲ್ಲಿ ನಾನು ಮಾಡಿದ ಕೆಲಸವೆಂದರೆ ಅವಳ ಸೀರೆ ಹಿಡಿದು ನಿಂತದ್ದು.

ಆಮೇಲೆ ಕೆಂಚಕ್ಕ ಬಾವಿಯ ಕಡೆ ಬರಲಿಲ್ಲ. ಯಾರೂ ಅವಳಿಗೆ ಏನೂ ಅನ್ನಲಿಲ್ಲ, ಅದೇ ಅವಳಿಗೆ ತಡೆಯದಾಯಿತೋ ಏನೋ. ಕೆಲಸ ಬಿಟ್ಟು ಪಾವಗಡದ ಬಲಸಮುದ್ರಕ್ಕೆ, ಮಗಳ ಮನೆಗೆ ಹೋದಳೆಂದು ಹೆಡ್‌ಮಾಸ್ಟರು ಹೇಳಿದರು. ನನ್ನ ಬ್ಯಾಗಿನಲ್ಲಿ ಅವಳ ಪದಕ ಹಾಗೇ ಉಳಿಯಿತು.

ಹೋದ ಬೇಸಗೆಯಲ್ಲಿ ಅದನ್ನು ಹಿಡಿದು ಹೋದೆ. ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು, ನೀರಿನ ಹನಿಯಿಲ್ಲ. ತೆಲುಗು ಬೆರೆಸಿ ಮಾತಾಡುವ ಮುದುಕಿಯೊಬ್ಬಳು ಮನೆ ತೋರಿಸಿದಳು. ಕೆಂಚಕ್ಕ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. 'ಬನ್ನಿ ಮೇಡಂ' ಎಂದು ಎದ್ದು ಚಾಪೆ ಹಾಸಿದಳು. ಆ 'ಬನ್ನಿ' ಕೇಳಿ ನನಗೆ ಅಳು ಬಂತು. ಸೊಂಟನೋವು ಹೇಗಿದೆ ಎಂದು ವಿಚಾರಿಸಿದಳು. ಇನ್ನೂ ಈಜುತ್ತೀರಾ ಎಂದು ಕೇಳಿದಳು. ಹೂಂ ಎಂದೆ, ತಪ್ಪು ಒಪ್ಪಿಕೊಂಡವಳ ಹಾಗೆ.

ಪದಕವನ್ನು ಅವಳ ಮಡಿಲಲ್ಲಿಟ್ಟೆ. ಹುಣಸೆಯ ಅಂಟು ಕೈಯನ್ನು ಸೆರಗಿಗೆ ಒರೆಸಿಕೊಂಡು, ಎತ್ತಿ, ಹಿಂದೆ ಮುಂದೆ ನೋಡಿದಳು.

"ಆವತ್ತು ಎಷ್ಟಾಯ್ತು ನಂಗೆ?"

ಒಂದೂಮುಕ್ಕಾಲು ನಿಮಿಷ ಎಂದೆ. ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸುತ್ತಾ ಏನೋ ಎಣಿಸಿದಳು. ಆಮೇಲೆ ಪದಕವನ್ನು ನನ್ನ ಕೈಗೇ ವಾಪಸ್ಸಿಟ್ಟು ಬೆರಳು ಮಡಿಸಿದಳು.

"ನಮ್ಮನೆ ಬಾಗ್ಲಿಂದ ಆ ಹೊಂಡಕ್ಕೆ ಅಷ್ಟು ಹೊತ್ತೂ ಬ್ಯಾಡ ಮೇಡಂ."