ರೈಲಿಲ್ಲದ ಊರಿನ ಅಳಿಯ

ಮೊನ್ನೆ ಎಳನೀರು ಕೆತ್ತುವ ಮಚ್ಚು ಮೊಂಡಾಗಿದೆಯೆಂದು ಬಸ್ತಿಹಳ್ಳಿ ದಾರಿಯ ಕುಲುಮೆಗೆ ಹೋಗಿದ್ದೆ. ಆಚಾರಿ ಯಾವಾಗಲೂ ಇದ್ದಿಲು ಉರಿಸುವವರು. ಅವತ್ತು ಎಲ್ಲಿಂದಲೋ ಅರ್ಧ ಚೀಲ ಕಲ್ಲಿದ್ದಲು ತಂದಿದ್ದರು. ಅದರ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಮಚ್ಚು ಕೊಡುವುದನ್ನೂ ಮರೆತು ಅಲ್ಲೇ ನಿಂತುಬಿಟ್ಟೆ. ಆಚಾರಿ ಎರಡು ಸಲ ಕೈ ಚಾಚಿದರಂತೆ. ಮಚ್ಚು ಹಿಡಿದುಕೊಂಡು ಕದಲದೆ ನಿಂತ ಮನುಷ್ಯನನ್ನು ಯಾರೂ ಮೂರನೇ ಸಲ ಕೇಳುವುದಿಲ್ಲ.

ಇದ್ದಿಲಿನ ಹೊಗೆ ಬೇರೆ, ಕಲ್ಲಿದ್ದಲಿನ ಹೊಗೆ ಬೇರೆ. ಇದು ನನಗೆ ಗೊತ್ತಾದದ್ದು ನಲವತ್ತೇಳನೇ ವಯಸ್ಸಿನಲ್ಲಿ, ಅದೂ ಚೀನಾ ದೇಶದಲ್ಲಿ. ಹಳೇಬೀಡಿನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಚೀನಾಕ್ಕೆ ಹೋಗಿ ಹೊಗೆ ಕುಡಿದು ಬಂದದ್ದು ಯಾಕೆಂದು ನೀವು ಕೇಳಬಹುದು. ಆಗ ಊರಿನವರೂ ಕೇಳಿದರು. ನಮ್ಮ ಮಾವನವರ ಜೊತೆ ಹೋಗಿದ್ದೆ ಎಂದರೆ ಉತ್ತರವೇನೋ ಆಗುತ್ತದೆ. ಆದರೆ ಆ ಉತ್ತರ ನನಗೇ ಆಗ ಅರ್ಥವಾಗಿರಲಿಲ್ಲ, ಯಾಕೆಂದರೆ ಹದಿನೆಂಟು ವರ್ಷದಲ್ಲಿ ಮಾವ ಮತ್ತು ನಾನು ಆಡಿದ ಒಟ್ಟು ಮಾತು ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಯುವಷ್ಟಿತ್ತು.

ಮಾವ ನಂಜಪ್ಪನವರು ಅರಸೀಕೆರೆಯವರು. ಉಗಿ ಎಂಜಿನ್ನಿನ ಒಲೆಗೆ ಸಲಿಕೆಯಲ್ಲಿ ಕಲ್ಲಿದ್ದಲು ಎತ್ತಿ ಹಾಕುವ ಫೈರ್‌ಮನ್ ಆಗಿ ರೈಲ್ವೆ ಸೇರಿದರು, ಡ್ರೈವರಾದರು, ಮೀಟರ್‌ಗೇಜು ಹೋಗಿ ಬ್ರಾಡ್‌ಗೇಜು ಬಂದಾಗ ಡೀಸೆಲ್ ಕಲಿತರು, ಡೀಸೆಲ್ ಓಡಿಸುತ್ತಲೇ ನಿವೃತ್ತರಾದರು. ನಿವೃತ್ತಿಯ ಮಾರನೇ ದಿನ ಬೆಳಗ್ಗೆ ತಿಂಡಿ ತಿಂದು ಮತ್ತೆ ಸ್ಟೇಷನ್ನಿಗೇ ಹೋದರು. ಪ್ಲಾಟ್‌ಫಾರಂ ಕೊನೆಯ ಕಲ್ಲುಬೆಂಚಿನ ಮೇಲೆ ಕೂತು, ಬಂದುಹೋಗುವ ಪ್ರತಿ ಎಂಜಿನ್ನಿನ ನಂಬರನ್ನು ಉದ್ದನೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಪಕ್ಕದಲ್ಲಿ ಷರಾ: ‘ಹೊಗೆ ಜಾಸ್ತಿ.’ ‘ಹಾರ್ನು ಸರಿಯಿಲ್ಲ.’ ‘ಹುಷಾರಾದ ಡ್ರೈವರ್.’ ಆ ಷರಾಗಳನ್ನು ಯಾರೂ ಕೇಳಿರಲಿಲ್ಲ, ಅವರೂ ಯಾರಿಗೂ ಕಳಿಸಲಿಲ್ಲ.

ಹೆಣ್ಣು ನೋಡಲು ಹೋದ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಹೋಗಿ ಹೆಂಡತಿಗೆ ಹೇಳಿದ್ದು ನನಗೆ ಹಜಾರಕ್ಕೇ ಕೇಳಿಸಿತ್ತು. “ಹುಡುಗ ಪರವಾಗಿಲ್ಲ. ಊರಿಗೆ ರೈಲಿಲ್ವಲ್ಲ.”

ಅದು ನಿಜ. ಹಳೇಬೀಡಿಗೂ ರೈಲಿಲ್ಲ, ಆಚೆಗಿನ ಬೇಲೂರಿಗೂ ರೈಲಿಲ್ಲ. ಹೊಯ್ಸಳರು ಬೇಕಾದಷ್ಟು ಕಟ್ಟಿದರು, ಇದೊಂದನ್ನು ಕಟ್ಟಲಿಲ್ಲ. ಮದುವೆಯಾಯಿತು. ಮಗಳನ್ನು ಕಳಿಸಿಕೊಟ್ಟ ಮಾವ ಅವಳ ಹಿಂದೆ ಬರಲಿಲ್ಲ. ಗೃಹಪ್ರವೇಶಕ್ಕೆ ಅತ್ತೆ ಒಬ್ಬರೇ ಬಸ್ಸಿನಲ್ಲಿ ಬಂದರು. ನಮ್ಮ ಮಗಳ ನಾಮಕರಣಕ್ಕೂ ಅತ್ತೆ ಒಬ್ಬರೇ. ಪ್ರತಿ ಸಲವೂ ಒಂದು ಕಾರಣವಿರುತ್ತಿತ್ತು, ಪ್ರತಿ ಸಲವೂ ಕಾರಣ ಬೇರೆಯಾಗಿರುತ್ತಿತ್ತು. ಕಾರು ಕಳಿಸುತ್ತೇನೆಂದರೆ ಬೇಡ ಎನ್ನುತ್ತಿದ್ದರು. ಪ್ರಪಂಚದ ಎಲ್ಲ ದೇಶಗಳಿಂದ ಜನ ನಮ್ಮೂರಿಗೆ ಬರುತ್ತಾರೆ, ದೇವಸ್ಥಾನದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅರಸೀಕೆರೆಯಿಂದ ಒಬ್ಬರು ಮಾತ್ರ ಬರಲಿಲ್ಲ.

ಇಷ್ಟನ್ನೂ ನಾನು ನುಂಗಿಕೊಂಡಿದ್ದೆ. ನುಂಗಲಾಗದ್ದು ಒಂದಿತ್ತು. ನಮ್ಮಮ್ಮ ತೀರಿಕೊಂಡಾಗಲೂ ಅವರು ಬರಲಿಲ್ಲ. ಮಣ್ಣಿಗೂ ಬರಲಿಲ್ಲ, ತಿಥಿಗೂ ಬರಲಿಲ್ಲ. ಅವತ್ತು ಬೆಳಗ್ಗೆ ಫೋನು ಮಾಡಿದಾಗ “ಬತ್ತೀನಿ” ಅಂದಿದ್ದರು. ಹೊತ್ತು ಇಳಿಯುವ ತನಕ ಕಾದೆವು. ಅಂದಿನಿಂದ ನಾನು ಅರಸೀಕೆರೆಗೆ ಹೋದರೂ ಅವರ ಕಾಲಿಗೆ ನಮಸ್ಕಾರ ಮಾಡುವುದನ್ನು ಬಿಟ್ಟೆ. ಅವರು ಗಮನಿಸಿದರೋ ಇಲ್ಲವೋ ತಿಳಿಯದು. ಗಮನಿಸಲಿ ಎಂದು ಪ್ರತಿ ಸಲವೂ ಅವರ ಎದುರಿಗೇ ನಿಂತು ನಮಸ್ಕಾರ ಮಾಡದೆ ಬರುತ್ತಿದ್ದೆ.

ಕೊರೊನಾಗೆ ಒಂದೆರಡು ವರ್ಷ ಮುಂಚೆ ನನ್ನ ಹೆಂಡತಿ ಗಿರಿಜ ತವರಿಗೆ ಹೋದವಳು, ಫೋನಿನಲ್ಲಿ ಅಪ್ಪನಿಗೆ ಒಂದು ವಿಡಿಯೊ ತೋರಿಸಿದಳು. ಚೀನಾದ ಪಶ್ಚಿಮದ ಮರುಭೂಮಿಯಲ್ಲಿ ಒಂದು ಕಲ್ಲಿದ್ದಲ ಗಣಿ. ಅಲ್ಲಿ ಇನ್ನೂ ಉಗಿ ಎಂಜಿನ್ನುಗಳು ದಿನವೂ ದುಡಿಯುತ್ತಿದ್ದವು. ಮಾವ ಆ ವಿಡಿಯೊವನ್ನು ಮೂರು ಸಲ ನೋಡಿ, ನಾಲ್ಕನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದರಂತೆ. ಆಮೇಲೆ, ಅಲ್ಲಿಗೆ ಹೋಗಬೇಕು ಅಂದರಂತೆ. ಅರಸೀಕೆರೆ ಸಂತೆಗೆ ಹೋಗಬೇಕು ಅನ್ನುವ ಧ್ವನಿಯಲ್ಲಿ.

ಎಲ್ಲರೂ ಅದನ್ನು ತಮಾಷೆಯೆಂದುಕೊಂಡರು. ಮಾವ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರು. ವಿಚಾರಣೆಗೆ ಬಂದ ಪೊಲೀಸಿನವನು ವಿದೇಶಕ್ಕೆ ಯಾಕೆ ಎಂದು ಕೇಳಿದರೆ, ಎಂಜಿನ್ ನೋಡೋಕೆ ಅಂದರು. ಎಂಜಿನ್ನು ಇಲ್ಲೇ ಇದೆಯಲ್ಲ ಎಂದು ಆತ ಸ್ಟೇಷನ್ ಕಡೆ ಕೈ ತೋರಿಸಿದ. ಮಾವ ಅವನಿಗೆ ಅರ್ಧ ಗಂಟೆ ವ್ಯತ್ಯಾಸ ವಿವರಿಸಿದರು. ಆತ ‘ಪ್ರವಾಸ’ ಎಂದು ಬರೆದುಕೊಂಡು ಎದ್ದ. ಉಗಿ ಎಂಜಿನ್ ನೋಡಲೆಂದೇ ದೇಶದೇಶಗಳಿಂದ ಹೋಗುವ ಒಂದು ತಂಡವನ್ನು ಗಿರಿಜ ಹುಡುಕಿದಳು. ಎಪ್ಪತ್ತೆರಡು ವರ್ಷದ ಅಪ್ಪನನ್ನು ಒಬ್ಬರನ್ನೇ ಕಳಿಸುವಂತಿಲ್ಲ. ಅವಳಿಗೆ ಪೋಸ್ಟಾಫೀಸಿನಲ್ಲಿ ರಜೆ ಸಿಗಲಿಲ್ಲ, ಅತ್ತೆಗೆ ಮಂಡಿನೋವು. ನನಗೆ ದಸರಾ ರಜೆ ಇತ್ತು. ಹೀಗೆ, ನಮ್ಮ ಮನೆಗೆ ಬಾರದ ಮನುಷ್ಯನನ್ನು ಚೀನಾಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು.

ಬೆಂಗಳೂರಿನ ತನಕ ರೈಲು. ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ. ಮಾವ ಕೇಳದೆ ಮುಂದಿನ ಸೀಟಿನಲ್ಲಿ ಕೂತರು, ಅಳಿಯನನ್ನು ಸಾಮಾನಿನ ಜೊತೆ ಹಿಂದೆ ಕೂರಿಸಿದರು. ಗತ್ತು ಎಂದುಕೊಂಡೆ. ಮನಸ್ಸಿನೊಳಗಿನ ಪಟ್ಟಿಗೆ ಇದನ್ನೂ ಸೇರಿಸಿದೆ.

ಚೀನಾದಲ್ಲಿ ಮೊದಲ ಎರಡು ದಿನ ರೈಲಿನಲ್ಲೇ ಕಳೆದೆವು. ತಂಡದಲ್ಲಿ ಜರ್ಮನಿಯ ದಂಪತಿ, ಮೂವರು ಇಂಗ್ಲೆಂಡಿನವರು, ಎಲ್ಲರ ಕೊರಳಲ್ಲೂ ಮೊಳದುದ್ದದ ಕ್ಯಾಮೆರಾ. ಮಾವನ ಹತ್ತಿರ ನೋಟ್‌ಬುಕ್ಕು. ಪ್ರತಿ ಸ್ಟೇಷನ್ನಿನಲ್ಲೂ ಇಳಿದು, ನೀಲಿ, ಹಸಿರು ಡೀಸೆಲ್ ಎಂಜಿನ್ನುಗಳ ನಂಬರು ಬರೆದುಕೊಂಡರು. ಹಳಿಗಳ ನಡುವಿನ ಅಂತರವನ್ನು ದೂರದಿಂದಲೇ ಅಳೆದು, ನಮ್ಮ ಮೀಟರ್‌ಗೇಜಿಗಿಂತ ಅಗಲ, ಬ್ರಾಡ್‌ಗೇಜಿಗಿಂತ ಕಮ್ಮಿ ಎಂದು ಷರಾ ಹಾಕಿದರು. ಅಂಕಿಗಳೇನೋ ಸಲೀಸು. ಅದರ ಪಕ್ಕದಲ್ಲಿದ್ದ ಚೀನೀ ಅಕ್ಷರ ಮಾತ್ರ ಅವರ ಪೆನ್ನಿಗೆ ಬಗ್ಗಲಿಲ್ಲ. ಎರಡು ಸ್ಟೇಷನ್ ಒದ್ದಾಡಿ, ಮೂರನೆಯದರಲ್ಲಿ ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದರು.

“ಮೇಷ್ಟ್ರೇ, ಇದೊಂಚೂರು ಬರ್ಕೊಡಿ.”

ಹದಿನೆಂಟು ವರ್ಷದಲ್ಲಿ ಅವರು ನನ್ನಿಂದ ಕೇಳಿದ ಮೊದಲ ಉಪಕಾರ. ಅಕ್ಷರವೆಂದು ನೋಡದೆ ಚಿತ್ರವೆಂದು ನೋಡಿ ಬರೆದೆ. ನಮ್ಮ ಗೈಡ್ ಹುಡುಗಿ ಅದನ್ನು ಓದಿದಳು. ಆ ಡೀಸೆಲ್ ಎಂಜಿನ್ನಿನ ಹೆಸರು ‘ಮೂಡಣ ಗಾಳಿ’ ಅಂತೆ. ಓದಲು ಬಂತು ಎಂದಮೇಲೆ ಸರಿಯಾಗಿಯೇ ಬರೆದಿರಬೇಕು. ಮಾವ ಅದನ್ನೇ ನೋಡಿ, “ಕೈ ಪರವಾಗಿಲ್ಲ” ಅಂದರು. ನನ್ನ ವೃತ್ತಿಗೆ ಆ ಮನೆಯಿಂದ ಸಿಕ್ಕ ಮೊದಲ ಪ್ರಶಸ್ತಿ. ನಾನು ಖುಷಿಯಾಗಬಾರದೆಂದು ಪ್ರಯತ್ನಪಟ್ಟೆ.

ಮೂರನೇ ದಿನ ರೈಲು ಮುಗಿಯಿತು. ಗಣಿಗೆ ಮೂರು ಗಂಟೆಯ ದಾರಿ, ಸಣ್ಣ ಬಸ್ಸು. ಮುಂದಿನ ಸೀಟಿನಲ್ಲಿ ಜರ್ಮನಿಯವರು ಆಗಲೇ ಕೂತುಬಿಟ್ಟಿದ್ದರು. ಮಾವ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಹಿಂದಿನ ಸೀಟಿಗೆ ಬಂದು ಕಿಟಕಿ ಪಕ್ಕ ಕೂತರು. ಅರ್ಧ ಗಂಟೆಯಲ್ಲಿ ಅವರ ಮುಖ ಬಿಳಿಚಿತು, ಹಣೆ ಬೆವೆತಿತು. ಎದೆನೋವೆಂದು ನಾನು ಹೆದರಿದೆ. ಅವರು ಮಾತಾಡದೆ ನನ್ನ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ಕಿತ್ತುಕೊಂಡರು. ಅದರಲ್ಲಿ ನನ್ನ ಚಿತ್ರದ ಹಾಳೆಗಳಿದ್ದವು. ತೆಗೆಯಲು ಸಮಯವಾಗಲಿಲ್ಲ.

ಬಸ್ಸು ನಿಂತಿತು. ಸುತ್ತ ಕಲ್ಲು, ಮರಳು, ದೂರದಲ್ಲಿ ಹಿಮ ಹೊತ್ತ ಬೆಟ್ಟ. ಮಾವನನ್ನು ಇಳಿಸಿ ರಸ್ತೆ ಪಕ್ಕ ಕೂರಿಸಿ, ಬೆನ್ನು ನೀವುತ್ತಾ ನಿಂತೆ. ಅವರು ಬಾಯಿ ತೊಳೆದುಕೊಂಡರು. ಆಮೇಲೆ ನನ್ನನ್ನು ನೋಡದೆ ಹೇಳಿದರು.

“ಬಸ್ಸು ನಂಗಾಗಲ್ಲ ಮೇಷ್ಟ್ರೇ. ಚಿಕ್ಕಂದಿಂದ್ಲೂ ಹಿಂಗೇಯ. ಕಾರೂ ಅಷ್ಟೇ, ಮುಂದ್ಗಡೆ ಕೂತ್ರೆ ಒಂದೀಟು ದೂರ ತಡೀತೀನಿ.”

ನೀರಿನ ಬಾಟಲಿಯನ್ನು ಮತ್ತೆ ಅವರ ಕೈಗೆ ಕೊಟ್ಟೆ.

“ನಿಮ್ಮ ತಾಯಿ ಹೋದ ದಿವ್ಸ ನಾನು ಹೊಂಟಿದ್ದೆ. ಜಾವಗಲ್ ಗಂಟ ಬಂದಿದ್ದೆ.”

ಜಾವಗಲ್ಲು ಅರಸೀಕೆರೆಗೂ ಹಳೇಬೀಡಿಗೂ ನಡುವೆ ಇರುವ ಊರು. ನಮ್ಮ ಮನೆಗೆ ಅಲ್ಲಿಂದ ಬಸ್ಸಿನಲ್ಲಿ ಇನ್ನು ಸ್ವಲ್ಪ ಹೊತ್ತಿನ ದಾರಿ. ಅವರು ಬಿಡಿಬಿಡಿಯಾಗಿ ಹೇಳಿದ್ದು ಇಷ್ಟು. ಬಸ್ಸಿನಲ್ಲಿ ವಾಂತಿಯಾಗಿ ಮೈಮೇಲಿನ ಬಿಳಿ ಅಂಗಿ, ಪಂಚೆ ಎಲ್ಲ ಹಾಳಾಯಿತು. ಕಂಡಕ್ಟರ್ ಜಾವಗಲ್ಲಿನಲ್ಲಿ ಇಳಿಸಿದ. ನಲ್ಲಿಯಲ್ಲಿ ತೊಳೆದುಕೊಂಡರೂ ವಾಸನೆ ಹೋಗಲಿಲ್ಲ. ಆ ಬಟ್ಟೆಯಲ್ಲಿ ಬೀಗರ ಸಾವಿನ ಮನೆಗೆ ಹೇಗೆ ಬರುವುದು ಎಂದು ಬಸ್‌ಸ್ಟ್ಯಾಂಡಿನಲ್ಲೇ ಕೂತರು. ಮುಂದಿನ ಬಸ್ಸು ಬಂತು, ಹತ್ತಲಿಲ್ಲ. ಅದರ ಮುಂದಿನದೂ ಬಂತು. ಮಧ್ಯಾಹ್ನ ಕಳೆದ ಮೇಲೆ, ಮಣ್ಣಾಗಿರುತ್ತದೆ ಎಂದು ಎದ್ದು, ಅರಸೀಕೆರೆ ಕಡೆಗೆ ನಡೆದರು. ಅರ್ಧ ದಾರಿಯಲ್ಲಿ ತೆಂಗಿನಕಾಯಿ ಟ್ರಾಕ್ಟರ್ ಸಿಕ್ಕಿತಂತೆ. ಮನೆಯಲ್ಲಿ ಅತ್ತೆ ಇರಲಿಲ್ಲ, ಅಮ್ಮನಿಗೆ ಕಾಯಿಲೆ ಜೋರಾಗಿದೆಯೆಂದು ಕೇಳಿ ಅವರು ಹಿಂದಿನ ರಾತ್ರಿಯೇ ನಮ್ಮಲ್ಲಿಗೆ ಬಂದಿದ್ದರು. ಬಟ್ಟೆಯನ್ನು ತಾವೇ ಒಗೆದು ಹಾಕಿದರು.

“ಹೇಳಬಹುದಿತ್ತಲ್ಲ ಮಾವ” ಅಂದೆ.

“ಏನಂತ ಹೇಳ್ಲಿ? ಮೂವತ್ತೈದು ವರ್ಷ ಎಂಜಿನ್ ಮ್ಯಾಲೆ ನಿಂತಿದ್ದ ನಂಜಪ್ಪಂಗೆ ಬಸ್ಸಲ್ಲಿ ವಾಂತಿ ಆಗ್ತೈತೆ ಅಂತ್ಲಾ?” ಮೈಮೇಲಿನ ಮರಳು ಕೊಡವಿಕೊಂಡು ಎದ್ದು, “ಗಿರಿಜಂಗೆ ಹೇಳ್ಬ್ಯಾಡಿ” ಅಂದರು.

ಮಾತು ಕೊಟ್ಟೆ. ಎಂಜಿನ್ನು ಅಷ್ಟು ಅಲುಗಾಡುತ್ತದಲ್ಲ, ಅಲ್ಲಿ ಯಾಕೆ ಏನೂ ಆಗುತ್ತಿರಲಿಲ್ಲ ಎಂದು ಕೇಳಿದೆ. ಅಲ್ಲಿ ಮುಂದಿನ ದಾರಿ ಕಾಣುತ್ತದೆ, ಎಂಜಿನ್ನಿನ ಹಿಡಿ ತಮ್ಮ ಕೈಯಲ್ಲಿರುತ್ತದೆ ಎಂದರು. ಗೈಡ್ ಹುಡುಗಿ ಜರ್ಮನಿಯವರಿಗೆ ಏನು ಹೇಳಿದಳೋ, ಅವರು ತಾವಾಗಿ ಹಿಂದಕ್ಕೆ ಬಂದರು. ಉಳಿದ ದಾರಿಯಲ್ಲಿ ಮಾವ ಮುಂದೆ ಕೂತರು. ನಾನು ಹಿಂದೆ ಕೂತು ನನ್ನ ಪಟ್ಟಿಯನ್ನು ಒಂದೊಂದಾಗಿ ತೆಗೆದು ನೋಡಿದೆ. ಗೃಹಪ್ರವೇಶ, ನಾಮಕರಣ, ಬೇಡವೆಂದ ಕಾರು, ಬೆಂಗಳೂರಿನ ಟ್ಯಾಕ್ಸಿ. ಅದರಲ್ಲಿ ಒಂದೂ ಉಳಿಯಲಿಲ್ಲ. ಇಷ್ಟು ವರ್ಷ ಜೋಪಾನ ಮಾಡಿದ ಸಿಟ್ಟು ಹೀಗೆ ಒಂದೇ ದಿನದಲ್ಲಿ ಕೈಬಿಟ್ಟುಹೋದಾಗ ಮನುಷ್ಯನಿಗೆ ಸ್ವಲ್ಪ ಬೇಜಾರೂ ಆಗುತ್ತದೆ, ನಿಜ ಹೇಳುತ್ತೇನೆ.

ಗಣಿಯಲ್ಲಿ ಮೂರು ದಿನ ಇದ್ದೆವು. ದೊಡ್ಡ ಗುಂಡಿಯ ಅಂಚಿನಲ್ಲಿ ಕಪ್ಪು ಎಂಜಿನ್ನುಗಳು ಕಲ್ಲಿದ್ದಲು ತುಂಬಿದ ಡಬ್ಬಿಗಳನ್ನು ಎಳೆಯುತ್ತಿದ್ದವು. ಚಳಿಗೆ ಉಗಿ ಮೋಡದಷ್ಟು ದಪ್ಪವಾಗಿ ಏಳುತ್ತಿತ್ತು. ಮಿಕ್ಕವರು ಕ್ಯಾಮೆರಾ ಹಿಡಿದು ಓಡಿದರು. ಮಾವ ಓಡಲಿಲ್ಲ. ನಿಂತಿದ್ದ ಒಂದು ಎಂಜಿನ್ನಿನ ಪಕ್ಕಕ್ಕೆ ಹೋಗಿ, ನಮ್ಮೂರಲ್ಲಿ ಎತ್ತಿನ ಮೈ ಮುಟ್ಟುವ ಹಾಗೆ ಅಂಗೈ ಇಟ್ಟು, ತೆಗೆದು, ನಂಬರು ಬರೆದುಕೊಂಡರು. ಮೇಲಿದ್ದ ಡ್ರೈವರ್ ಕೈಸನ್ನೆಯಿಂದ ಕರೆದ. ಹತ್ತಿದರು. ನಾನೂ ಹತ್ತಿದೆ.

ಮಾವ ಮೊದಲು ನೋಡಿದ್ದು ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜು. ಆಮೇಲೆ ಬಗ್ಗಿ ಒಲೆಯ ಬಾಯಲ್ಲಿ ಇಣುಕಿದರು. ಬೆಂಕಿಯ ನಡುವೆ ಒಂದು ಕಡೆ ತೂತು ಬಿದ್ದಿದೆ, ಅಲ್ಲಿಂದ ತಣ್ಣನೆ ಗಾಳಿ ನುಗ್ಗುತ್ತದೆ ಎಂದು ನನಗೆ ಹೇಳಿ, ಅಲ್ಲಿನ ಫೈರ್‌ಮನ್ನಿಗೆ ಬೆರಳಿಂದ ತೋರಿಸಿದರು. ಆ ಮನುಷ್ಯ ನೋಡಿದ, ಮಾವನ ಮುಖವನ್ನೂ ನೋಡಿದ, ಸಲಿಕೆಯನ್ನು ಅವರ ಕೈಗೇ ಕೊಟ್ಟ. ಎಪ್ಪತ್ತೆರಡರ ಮಾವ ಕಾಲು ಅಗಲಿಸಿ ನಿಂತು ಎರಡು ಸಲಿಕೆ ಕಲ್ಲಿದ್ದಲನ್ನು ಆ ತೂತಿಗೇ ಬೀಳುವಂತೆ ಎಸೆದರು. ಡ್ರೈವರ್ ತನ್ನ ಭಾಷೆಯಲ್ಲಿ ಏನೋ ಅಂದ. ಮಾವ ತಮ್ಮ ಭಾಷೆಯಲ್ಲಿ, ಹೂಂ, ಈಗ ಸರಿ ಹೋಯ್ತು ಅಂದರು. ಇಬ್ಬರೂ ತಲೆಯಾಡಿಸಿದರು. ಹೊಗೆ ನನ್ನ ಗಂಟಲಿಗಿಳಿದದ್ದು ಆಗ.

ಮೂಲೆಯಲ್ಲಿ ಒಂದು ನೀಲಿ ಡೀಸೆಲ್ ಎಂಜಿನ್ನು ನಿಂತಿತ್ತು. ಇನ್ನು ಸ್ವಲ್ಪ ದಿನಕ್ಕೆ ಇಲ್ಲಿಯ ಕೆಲಸ ಅದರದ್ದೇ ಎಂದು ಗೈಡ್ ಹೇಳಿದಳು. ಕ್ಯಾಮೆರಾದವರು ಅದು ಫೋಟೊದಲ್ಲಿ ಬೀಳದ ಹಾಗೆ ಜಾಗ ಬದಲಿಸಿದರು. ಮಾವ ಅದರ ಹತ್ತಿರವೂ ಹೋಗಿ, ಅದರ ಮೈಯನ್ನೂ ಮುಟ್ಟಿ, ನಂಬರು ಬರೆದುಕೊಂಡರು. ಅದನ್ನೂ ಬರೆಯಬೇಕಾ ಎಂದೆ. ಅದೇನು ತಪ್ಪು ಮಾಡಿದೆ ಎಂದರು.

ಊರಿಗೆ ಬಂದು ಎರಡು ವಾರಕ್ಕೆ ಸ್ಕೂಟರ್ ತೆಗೆದುಕೊಂಡು ಅರಸೀಕೆರೆಗೆ ಹೋದೆ. ವಯಸ್ಸಾದ ಅಪ್ಪನನ್ನು ಅಷ್ಟು ದೂರ ಸ್ಕೂಟರಿನಲ್ಲಿ ಕರೆತರುತ್ತೀರಾ, ಒಂದು ಕಾರು ಮಾಡಬಾರದಾ ಎಂದು ಗಿರಿಜ ಎರಡು ದಿನ ಜಗಳವಾಡಿದಳು. ಮಾತು ಕೊಟ್ಟವನು ಏನು ಹೇಳಲಿ? ಗಾಳಿ ಒಳ್ಳೆಯದು ಅಂದೆ. ಮಾವ ಹಿಂದೆ ಕೂತು, ನನ್ನ ಹೆಗಲ ಮೇಲಿಂದ ದಾರಿ ನೋಡುತ್ತಾ ಬಂದರು. ತಿರುವು ಬಂದಾಗಲೆಲ್ಲ ಹಾರ್ನು ಹೊಡೆಯಲು ಹೇಳಿದರು. ಜಾವಗಲ್ಲಿನಲ್ಲಿ ಕಾಫಿಗೆ ನಿಲ್ಲಿಸಿದೆ. ಬಸ್‌ಸ್ಟ್ಯಾಂಡಿನ ಕಡೆ ಇಬ್ಬರೂ ನೋಡಲಿಲ್ಲ.

ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ನೆಟ್ಟಗೆ ಅಮ್ಮನ ಫೋಟೊ ಮುಂದೆ ಹೋಗಿ ನಿಂತರು. “ತಡ ಆಯ್ತು ತಾಯಿ” ಅಂದರು. ಅಡುಗೆಮನೆಯಲ್ಲಿ ಗಿರಿಜ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ನಾನು ಅವರ ಕಾಲಿಗೆ ನಮಸ್ಕಾರ ಮಾಡಿದೆ. ಬಾಕಿ ಉಳಿದದ್ದೆಲ್ಲ ಸೇರಿ ಒಂದೇ ಸಲ.

ಸಂಜೆ ದೇವಸ್ಥಾನ ತೋರಿಸಿದೆ. ಗೋಡೆಯ ಶಿಲ್ಪಗಳನ್ನು ಅವರು ಮರ್ಯಾದೆಗೆ ನೋಡಿದರು. ಒಳಗಿನ ನುಣುಪಾದ ಕಂಬಗಳ ಮುಂದೆ ಮಾತ್ರ ನಿಂತು, ಸುತ್ತು ಬಂದು, ಉಗುರಿನಲ್ಲಿ ತಟ್ಟಿ, ಇದನ್ನು ಲೇತಿನಂಥ ತಿರುಗಣೆಗೆ ಕೊಟ್ಟು ಕಡೆದಿದ್ದಾರೆ ಎಂದರು. ವಿದ್ವಾಂಸರೂ ಅದನ್ನೇ ಹೇಳುತ್ತಾರೆ. ಮಾವನಿಗೆ ಯಾರೂ ಹೇಳಿರಲಿಲ್ಲ.

ಈಗ ಅವರಿಗೆ ಎಂಬತ್ತರ ಹತ್ತಿರ. ಅರಸೀಕೆರೆಯಲ್ಲಿ ಕರೆಂಟಿನ ಎಂಜಿನ್ನುಗಳು ಬಂದಿವೆ, ಸದ್ದಿಲ್ಲದೆ ಬಂದು ಹೆದರಿಸುತ್ತವೆ ಎಂದು ಷರಾ ಹಾಕುತ್ತಾರೆ. ಇದನ್ನೆಲ್ಲ ಬರೆಯಲೇ ಎಂದು ಕೇಳಿದ್ದಕ್ಕೆ, ಎಂಜಿನ್ ವಿಷಯ ತಪ್ಪಿಲ್ಲದೆ ಬರೆಯುವುದಾದರೆ ಬರೆಯಿರಿ ಅಂದರು. ಗಿರಿಜ ನಾನು ಬರೆದದ್ದನ್ನು ಓದುವುದಿಲ್ಲ. ಹಾಗಾಗಿ ಕೊಟ್ಟ ಮಾತೂ ಉಳಿಯಿತು.

ಹೋದ ತಿಂಗಳು ನಮ್ಮ ಮಗಳ ನಿಶ್ಚಿತಾರ್ಥವಾಯಿತು. ಇಪ್ಪತ್ತು ವರ್ಷ ನನ್ನ ಜೊತೆ ಕೆಲಸ ಮಾಡಿದ ಪಿ.ಟಿ. ಮೇಷ್ಟ್ರು ಬರಲಿಲ್ಲ. ಪಕ್ಕದ ಹುಲಿಕೆರೆಯಿಂದ ಬರೋಕಾಗಲಿಲ್ಲವಾ ಎಂದು ಗಿರಿಜ ಇನ್ನೂ ಅನ್ನುತ್ತಿರುತ್ತಾಳೆ. ಮೊನ್ನೆ ಕುಲುಮೆಯಿಂದ ಹೊರಟವನು ಮನೆಗೆ ಹೋಗಲಿಲ್ಲ, ಸ್ಕೂಟರನ್ನು ಹುಲಿಕೆರೆ ಕಡೆಗೆ ತಿರುಗಿಸಿದೆ. ಪಿ.ಟಿ. ಮೇಷ್ಟ್ರು ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಒಳಗೆ ಕಾಫಿಗೆ ಹೇಳಿದರು. ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ, ಪಕ್ಕದಲ್ಲಿ ಕೂತೆ. ಅರ್ಧ ಲೋಟ ಕಾಫಿ ಆಗುವ ಹೊತ್ತಿಗೆ ಅವರೇ ಹೇಳಲು ಶುರುಮಾಡಿದರು.