ದೋಟಿಗೆ ಬಂದ ಮುಯ್ಯಿ

ಬಸರೀಕಟ್ಟೆಯ ರೇಖಾಳಿಗೆ ಮುಯ್ಯಿ ಎಂದರೆ ಮೈ ಉರಿಯುತ್ತಿತ್ತು. ಮದುವೆಗೋ ನಾಮಕರಣಕ್ಕೋ ಹೋದವರು ಉಂಡು, ಕವರಿನಲ್ಲಿ ಕೈಲಾದಷ್ಟು ದುಡ್ಡಿಟ್ಟು ಕೊಟ್ಟು ಬರುವುದು. ನಾಳೆ ತಮ್ಮ ಮನೆಯಲ್ಲಿ ಕಾರ್ಯವಾದಾಗ ಅವರು ಅದನ್ನು ಮೇಲಿಷ್ಟು ಸೇರಿಸಿ ಹಿಂದಿರುಗಿಸುವುದು. ಎಲ್ಲ ಕಡೆ ಇರುವ ರೂಢಿಯೇ. ಆದರೆ ಅವಳ ತಾಯಿ ಭೈರಮ್ಮನಿಗೆ ಅದು ವ್ರತ. ಮನೆಯಲ್ಲಿ ಅಕ್ಕಿ ತಳ ಕಂಡಿದ್ದರೂ ಮುಯ್ಯಿ ಮಾತ್ರ ತಪ್ಪುವಂತಿಲ್ಲ. ಇಷ್ಟೆಲ್ಲ ಊರಿಗೆ ಹಂಚುವ ಬದಲು ಬ್ಯಾಂಕಿಗೆ ಹಾಕಬಾರದೇ ಎಂದು ಮಗಳು ಕೇಳಿದರೆ, ಬ್ಯಾಂಕಿನವರು ಬಡ್ಡಿ ಕೊಟ್ಟಾರು, ನಿನ್ನ ಮದುವೆಗೆ ತೆಂಗಿನಕಾಯಿ ತುರಿಯಲು ಬರುತ್ತಾರೋ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಮಗಳ ದಾರಿ ಬೇರೆ. ಅವಳದು ಪಿಗ್ಮಿ. ಸಹಕಾರ ಸಂಘದ ಜಯಪ್ರಕಾಶ್ ದಿನಾ ಸಂಜೆ ಬೈಕಿನಲ್ಲಿ ಬಂದು, ಅಂಗಡಿಯವರಿಂದಲೂ ಕೂಲಿಯವರಿಂದಲೂ ಅಷ್ಟಿಷ್ಟು ಎತ್ತಿಕೊಂಡು ರಸೀದಿ ಕೊಡುತ್ತಿದ್ದ. ಪಿಯುಸಿ ಮುಗಿಸಿ ಕೂಲಿಗೆ ಇಳಿದವಳು ರೇಖಾ. ಕಾಫಿ ಕೊಯ್ಲಿನಲ್ಲಿ ಕಾಫಿ ಕೊಯ್ದಳು, ಕಳೆ ತೆಗೆದಳು, ಸಂಜೆ ಅಡಿಕೆ ಸುಲಿಯಲು ಕೂತಳು. ಕೈಗೆ ಕೂಲಿ ಬಂದ ಕೂಡಲೇ ಮೊದಲು ಪಿಗ್ಮಿ, ಆಮೇಲೆ ಅಂಗಡಿ. ಜೋರು ಮಳೆಯ ತಿಂಗಳಲ್ಲಿ ಕೆಲಸ ನಿಂತು, ಬೈಕಿನ ಸದ್ದು ಕೇಳಿದರೆ ಉಳಿದವರೆಲ್ಲ ಹಿತ್ತಲಿಗೆ ನುಸುಳುವರು. ಇವಳು ಮಾತ್ರ ಹತ್ತು ರೂಪಾಯಿ ಹಿಡಿದು ಬಾಗಿಲಲ್ಲಿ ನಿಂತಿರುವಳು. ನಿನ್ನ ಕಂಡರೆ ನನಗೇ ಹೆದರಿಕೆ ಎಂದು ಜಯಪ್ರಕಾಶ್ ತಮಾಷೆ ಮಾಡುತ್ತಿದ್ದ.

ಇಷ್ಟೆಲ್ಲ ಒಂದು ಫೈಬರ್ ದೋಟಿಗಾಗಿ. ಒಂದರೊಳಗೊಂದು ಕೂತು, ಎಳೆದರೆ ಅಡಿಕೆ ಮರದ ತುದಿ ಮುಟ್ಟುವ ಉದ್ದನೆಯ ಕೋಲು, ತುದಿಯಲ್ಲಿ ಕತ್ತಿ. ನೆಲದ ಮೇಲೆ ನಿಂತೇ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಬಹುದು. ಅವಳ ಅಪ್ಪ ಗುರುವ ಹೆಸರಾಂತ ಕೊನೆಗಾರ. ಮರ ಹತ್ತಿ ಹತ್ತಿ ಎರಡೂ ಮಂಡಿ ಹೋಗಿ ಮೂಲೆ ಹಿಡಿದಿದ್ದ. ಮರ ಹತ್ತುವ ಕೆಲಸವನ್ನು ಹೆಣ್ಣಿಗೆ ಯಾರೂ ಕೊಡರು. ನೆಲದ ಮೇಲೆ ನಿಂತು ಕೊಯ್ಯಲು ಯಾರಪ್ಪನ ಅಪ್ಪಣೆ ಬೇಕು? ದಿನಗೂಲಿಯಲ್ಲ, ಇಳಿಸಿದ ಕೊನೆಗಿಷ್ಟು ಎಂದು ಲೆಕ್ಕ; ತೋಟದವರು ಫೋನ್ ಮಾಡಿ ಕರೆಯುವ ಕೆಲಸ. ಹೋದ ವರ್ಷ ಹೊರಗಿನಿಂದ ಬಂದ ತಂಡಕ್ಕೆ ಕೊನೆ ಹೊರಲು ಹೋದವಳು, ಅವರು ಚಹಾಕ್ಕೆ ಕೂತಾಗಲೆಲ್ಲ ದೋಟಿ ಎತ್ತಿ ನೋಡಿದಳು. ಮೊದಮೊದಲು ಕೋಲು ಗಾಳಿಗೆ ತೂಗಿ ಇವಳನ್ನೇ ಕುಣಿಸಿತು, ಕತ್ತು ಹಿಡಿದುಕೊಂಡಿತು. ಸೀಸನ್ ಮುಗಿಯುವ ಹೊತ್ತಿಗೆ ಅಡಿಕೆ ಚೆಲ್ಲದಂತೆ ಕೊನೆ ಇಳಿಸುವುದು ಅವಳಿಗೆ ಬಂದಿತ್ತು.

ಈ ಹಟದಲ್ಲೇ ಅವಳು ಒಂದು ಎಡವಟ್ಟು ಮಾಡಿಕೊಂಡಳು. ಬೇಸಿಗೆಯಲ್ಲಿ ಸೀತೂರಿನ ಮಾವನ, ಅಂದರೆ ಭೈರಮ್ಮನ ಅಣ್ಣನ, ಮಗಳು ಸುಮಲತಾಳ ಮದುವೆ. ಭೈರಮ್ಮನಿಗೆ ಜ್ವರ. ಮುಯ್ಯಿ ಕವರನ್ನು ಮಗಳ ಕೈಗೆ ಕೊಟ್ಟು ಕಳಿಸಿದಳು. ರೇಖಾ ಹೋದಳು, ಹೋಳಿಗೆ ಎರಡು ಸಲ ಹಾಕಿಸಿಕೊಂಡು ಉಂಡಳು, ಕವರನ್ನು ಹಾಗೇ ವಾಪಸ್ಸು ತಂದು ಪಿಗ್ಮಿಗೆ ಕಟ್ಟಿದಳು. ಸುದ್ದಿ ಮುಚ್ಚಿಡಲು ಆದೀತೇ? ರೇಖಾ ಬಾಯಿ ತಂದಿದ್ದಳು, ಕೈ ಮನೆಯಲ್ಲೇ ಮರೆತು ಬಂದಿದ್ದಳು ಎಂದು ಸೀತೂರಿನಲ್ಲಿ ಆಡಿಕೊಂಡದ್ದು ಬಸರೀಕಟ್ಟೆಗೆ ಮುಟ್ಟಿತು. ಭೈರಮ್ಮ ತುಂಬಾ ದಿನ ಮಗಳನ್ನು ಮಾತಾಡಿಸಲಿಲ್ಲ.

ದಸರಾ ಹತ್ತಿರ ಬಂತು. ಊರಿನ ತೋಟದ ಯಜಮಾನ ಸುಬ್ಬಯ್ಯ ಅವಳ ಕೆಲಸ ನೋಡಿದ್ದವರು. ಹಬ್ಬ ಕಳೆಯುವುದರೊಳಗೆ ಸ್ವಂತ ದೋಟಿ ತಂದರೆ ಈ ವರ್ಷದ ಕೊಯ್ಲು ನಿನಗೇ, ಇಲ್ಲದಿದ್ದರೆ ಹೊರಗಿನ ತಂಡಕ್ಕೆ ಹೇಳಿಬಿಡುತ್ತೇನೆ ಎಂದರು. ಪಿಗ್ಮಿ ಬಿಡಿಸಿದರೆ ಬಂದದ್ದು ದೋಟಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕೊಪ್ಪದ ಅಂಗಡಿಯ ಮಲ್ಲೇಶಪ್ಪ ಅಷ್ಟನ್ನೇ ಹಿಡಿದುಕೊಂಡು ದೋಟಿ ಕೊಟ್ಟರು. ಬಾಕಿಗೆ ಆಯುಧ ಪೂಜೆಯ ಮಾರನೆಯ ದಿನದವರೆಗೆ ಗಡುವು. ತಪ್ಪಿದರೆ ದೋಟಿ ವಾಪಸ್ಸು. ಕಾಫಿ ಎಸ್ಟೇಟಿನಲ್ಲಿ ಅಡ್ವಾನ್ಸ್ ಕೇಳಿದ್ದರೆ ಸಿಗುತ್ತಿತ್ತು. ಆದರೆ ಅಡ್ವಾನ್ಸ್ ತೆಗೆದುಕೊಂಡವರು ಆ ಕೊಯ್ಲು ಮುಗಿಯುವ ತನಕ ಅಲ್ಲೇ ದುಡಿದು ತೀರಿಸಬೇಕು. ಮತ್ತೆ ದೋಟಿ ಹಿಡಿಯುವುದು ಯಾವಾಗ?

ಆಗ ಅವಳ ತಲೆಗೆ ಹೊಳೆದದ್ದು ಅವಳೇ ಹಳಿಯುತ್ತಿದ್ದ ಮುಯ್ಯಿ. ಅಮ್ಮ ಇಷ್ಟು ವರ್ಷ ಊರೂರಿಗೆ ಹೊತ್ತು ಹಾಕಿದ್ದು ವಾಪಸ್ಸು ಬರಬೇಕಾದರೆ ಮನೆಯಲ್ಲೊಂದು ಕಾರ್ಯವಾಗಬೇಕು, ಅಷ್ಟೇ ತಾನೆ?

"ಅಮ್ಮ, ಆಯುಧ ಪೂಜೆಗೆ ಎಲ್ಲರನ್ನೂ ಊಟಕ್ಕೆ ಕರಿಯಣ. ದೋಟಿ ಪೂಜೆ ಅಂತ ಹೇಳಣ. ಅದೂ ಒಂದು ಕಾರ್ಯವೇ ಅಲ್ಲನಾ?"

ಭೈರಮ್ಮ ಮೊದಲು ನಕ್ಕಳು, ಆಮೇಲೆ ರೇಗಿದಳು. ಕೋಲಿಗೆ ಮುಯ್ಯಿ ಹಾಕುವವರನ್ನು ಯಾವ ದೇಶದಲ್ಲಿ ಕಂಡಿದ್ದೀ ಎಂದಳು. ಅದು ಮಗಳ ಮದುವೆಗೆಂದು ಹೊಟ್ಟೆ ಬಟ್ಟೆ ಕಟ್ಟಿ ಇಟ್ಟದ್ದು, ಒಮ್ಮೆ ಎಳೆದುಕೊಂಡರೆ ಮುಗಿಯಿತು ಎಂದಳು. ಕೊನೆಗೆ, ಸೀತೂರಿನಲ್ಲಿ ಉಂಡು ಕೈ ತೊಳೆದು ಬಂದವಳ ಮನೆಗೆ ಯಾರು ಬರುತ್ತಾರೆ, ಅಣ್ಣನೇ ಬರದ ಮೇಲೆ ಉಳಿದ ನೆಂಟರು ಬರುತ್ತಾರೋ ಎಂದು ಕೇಳಿದಳು.

ಮರುದಿನ ರೇಖಾ ಆ ವಾರ ಸುಲಿದ ಅಡಿಕೆಯ ಕೂಲಿಯನ್ನೆಲ್ಲ ಒಂದು ಕವರಿಗೆ ಹಾಕಿ, ಬೆಳಗಿನ ಬಸ್ಸು ಹತ್ತಿ, ಕೊಪ್ಪದಲ್ಲಿ ಬಸ್ಸು ಬದಲಿಸಿ ಸೀತೂರಿಗೆ ಹೋದಳು. ದಾರಿಯುದ್ದಕ್ಕೂ ನಾಚಿಕೆಯಿಂದ ಮುಖ ಕಾಯುತ್ತಿತ್ತು. ಆದರೂ ಇಳಿದು ನೆಟ್ಟಗೆ ನಡೆದಳು. ಜಗಲಿಯಲ್ಲಿದ್ದ ಮಾವ ಕವರು ನೋಡಿದ, ಕೈ ಚಾಚಲಿಲ್ಲ.

"ಮಾವ, ಅವತ್ತು ನಾ ಮಾಡಿದ್ದು ತಪ್ಪು. ಈಗ ನಂಗೇ ದುಡ್ಡು ಬೇಕಾಗಿದೆ, ಅದಕ್ಕೇ ಇವತ್ತು ನೆನಪಾಯ್ತು. ಆಯುಧ ಪೂಜೆ ಊಟಕ್ಕೆ ನೀವು ಬಂದರೆ ಉಳಿದವರೂ ಬರ್ತಾರೆ. ಬರಬೇಕು."

ಮಾವ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಇಷ್ಟು ನಿಜ ಹೇಳಿ ಊಟಕ್ಕೆ ಕರೆದವರನ್ನು ನಾನು ಕಂಡಿಲ್ಲ ಮಾರಾಯ್ತಿ ಎಂದ. ಕವರು ತೆಗೆದುಕೊಂಡ, ಕಾಫಿ ಕುಡಿಸಿದ. ಬರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಮಗಳು ಎಲ್ಲಿಗೆ ಹೋಗಿದ್ದಳು ಎಂದು ತಿಳಿದ ಮೇಲೆ ಭೈರಮ್ಮ ಸೆರಗು ಸಿಕ್ಕಿಸಿಕೊಂಡು ತಾನೂ ಮನೆಮನೆ ಕರೆಯಲು ಹೊರಟಳು.

ಆಯುಧ ಪೂಜೆಯ ದಿನ ಅಂಗಳದಲ್ಲಿ ದೋಟಿ ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದರು. ಗುರುವ ಮಂಡಿ ನೀವಿಕೊಳ್ಳುತ್ತ ಬಂದು ತಾನೇ ತೆಂಗಿನಕಾಯಿ ಒಡೆದ. ಕೋಳಿ ಸಾರು, ಕಡುಬು ಸಿದ್ಧವಾಗಿ ಕಾದವು. ಮಧ್ಯಾಹ್ನವಾದರೂ ಬಂದವರು ಅಕ್ಕಪಕ್ಕದ ನಾಲ್ಕು ಮನೆಯವರು ಮಾತ್ರ. ಸಾಲ ಮಾಡಿ ತಂದ ಕೋಳಿಯೂ ಮೈಮೇಲೆ ಬಂತಲ್ಲ ಎಂದು ರೇಖಾ ಅಡುಗೆಮನೆಯಲ್ಲಿ ತುಟಿ ಕಚ್ಚಿಕೊಂಡು ಕೂತಳು.

ಆಗ ಕೆಳಗಿನ ರಸ್ತೆಯಲ್ಲಿ ಜೀಪು ನಿಂತಿತು. ಸೀತೂರಿನ ಮಾವ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಇಳಿದ. ಹಿಂದೆಯೇ ಇನ್ನೊಂದು ಜೀಪು, ಅದರಲ್ಲಿ ಕಿಗ್ಗದ ನೆಂಟರು. ಮದುಮಗಳು ಉದ್ದವಾಯಿತು, ಗಂಡು ಹುಡುಕುವುದು ಕಷ್ಟ ಎಂದು ಮಾವ ದೋಟಿ ನೋಡಿ ಹೇಳಿದ್ದಕ್ಕೆ ಅಂಗಳವೆಲ್ಲ ನಕ್ಕಿತು. ಉಂಡವರು ಉಂಡಂತೆ ಕವರುಗಳು ಭೈರಮ್ಮನ ಮಡಿಲಿಗೆ ಬಿದ್ದವು. ಸಂಜೆಯಾಗುವಾಗ ಅವಳು ಮಗಳ ಕಡೆ ನೋಡಿ, ಸಾಕಾಗುತ್ತದೆ ಎಂಬಂತೆ ತಲೆಯಾಡಿಸಿದಳು. ರೇಖಾಳಿಗೆ ದೊಡ್ಡ ಸಮಾಧಾನವಾಯಿತು.

ಕೊನೆಯ ಪಂಕ್ತಿಯಲ್ಲಿ ಕೂತಿದ್ದ ಪಕ್ಕದ ಮನೆಯ ಸುಮಿತ್ರಮ್ಮನಿಗೆ ಮಾತ್ರ ತಡೆಯಲಾಗಲಿಲ್ಲ. "ಇದ್ದಿದ್ದನ್ನೆಲ್ಲ ಇವತ್ತೇ ಎಳ್ಕೊಂಡ್ಯಲ್ಲ ಭೈರಮ್ಮ. ನಾಳೆ ಮಗಳ ಮದುವೆಗೆ ಎಂತ ಮಾಡ್ತೀ?"

ಎಲ್ಲರೂ ಕೇಳಬೇಕೆಂದುಕೊಂಡು ಕೇಳದೆ ಬಿಟ್ಟದ್ದು ಅದನ್ನೇ. ಬಡಿಸುತ್ತಿದ್ದ ರೇಖಾ ಕಡುಬಿನ ಬುಟ್ಟಿ ಹಿಡಿದು ಹಾಗೇ ನಿಂತಳು.

"ಮದುವೆಗೂ ಎಲ್ಲರೂ ಬಂದು ಹೊಟ್ಟೆ ತುಂಬ ಉಂಡು ಹೋಗಿ ಸುಮಿತ್ರಮ್ಮ," ಎಂದಳು ಭೈರಮ್ಮ. "ಮುಯ್ಯಿ ಮಾತ್ರ ತರದು ಬ್ಯಾಡ. ಅವತ್ತಿನ ಖರ್ಚು ನನ್ನ ಮಗಳು ನೋಡ್ಕೋತಾಳೆ."

ಜೀವಮಾನದಲ್ಲೇ ಮೊದಲ ಸಲ ಭೈರಮ್ಮ ಮುಯ್ಯಿ ಬೇಡವೆಂದಿದ್ದಳು. ರೇಖಾಳಿಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಅಮ್ಮನ ಮುಖ ನೋಡಿದರೆ ಅಳು ಬಂದುಬಿಡುತ್ತದೆ ಎಂದು ನೋಡಲಿಲ್ಲ. ಸುಮಿತ್ರಮ್ಮನ ಎಲೆಗೆ ಇನ್ನೆರಡು ಕಡುಬು ಹಾಕಿ, ಆ ಮಾತು ಉಳಿಸಬೇಕಾದವಳು ತಾನೇ ಎಂದುಕೊಳ್ಳುತ್ತ ಮುಂದಿನ ಎಲೆಗೆ ಹೋದಳು.