ಆ ಸವಾಲು ನಮಗಿಲ್ಲ

ಇಂದಿರಾನಗರದ ಆ ತರಬೇತಿ ಕೇಂದ್ರದಲ್ಲಿ ಮೊದಲ ದಿನವೇ ನಾನು ಎದ್ದು ನಿಂತು ಜಂಬ ಕೊಚ್ಚಿಕೊಂಡೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತದೆ.

‘ಗ್ರಾಮೀಣ ಆಸ್ಪತ್ರೆಗಳ ಸವಾಲುಗಳು’ ಎಂದು ತರಬೇತಿಯ ಹೆಸರು. ಹಳ್ಳಿ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸುಗಳಿಗಾಗಿ ನಡೆಸುವಂಥದ್ದು. ಒಂದು ಕಾಲಕ್ಕೆ ಯಾರೋ ಸಂಸಾರ ಮಾಡಿಕೊಂಡಿದ್ದ ಬಂಗಲೆ ಅದು. ಕೆಳಗೆ ಕಾಫಿ ಕುಡಿಯುವವರ ಗದ್ದಲ, ಮೇಲೆ ನಮ್ಮ ತರಗತಿ. ಎ.ಸಿ. ಚಳಿಗೆ ನಾವೆಲ್ಲ ಸೆರಗು ಹೊದ್ದುಕೊಂಡು, ಜ್ವರ ಬಂದವರ ಹಾಗೆ ಮುದುಡಿ ಕೂತಿದ್ದೆವು. ಪಾಠ ಮಾಡುವ ಮೇಷ್ಟ್ರು ನನಗಿಂತ ಚಿಕ್ಕವರು, ಹಳ್ಳಿ ಎಂಬ ಮಾತು ಬಂದಾಗಲೆಲ್ಲ ಕೈಯನ್ನು ದೂರಕ್ಕೆ, ಕಿಟಕಿಯ ಕಡೆಗೆ ತೋರಿಸುತ್ತಿದ್ದರು. ಕಿಟಕಿಯಾಚೆ ಇದ್ದದ್ದು ನೂರಡಿ ರಸ್ತೆ.

ನಿಮ್ಮ ಆಸ್ಪತ್ರೆಯ ದೊಡ್ಡ ತೊಂದರೆ ಯಾವುದು ಎಂದು ಅವರು ಒಬ್ಬೊಬ್ಬರನ್ನೇ ಕೇಳಿದರು. ಒಬ್ಬಳು ಕರೆಂಟು ಎಂದಳು. ಇನ್ನೊಬ್ಬಳು ಹಾವು ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ನು ಬೇಕಾದಾಗ ಇರುವುದಿಲ್ಲ ಎಂದಳು. ಚಾಮರಾಜನಗರದ ಕಡೆಯವಳೊಬ್ಬಳು, ಡಾಕ್ಟರುಗಳು ನಿಲ್ಲುವುದೇ ಇಲ್ಲ, ಬಂದವರು ಗಂಟು ಬಿಚ್ಚುವ ಮೊದಲೇ ಹೊರಡುತ್ತಾರೆ ಎಂದಾಗ ಕೋಣೆಯಲ್ಲಿದ್ದವರೆಲ್ಲ ತಲೆದೂಗಿದರು. ನನಗೆ ಅದೆಲ್ಲಿತ್ತೋ ಹುಮ್ಮಸ್ಸು, ಸರದಿ ಬರುವ ಮೊದಲೇ ಎದ್ದುನಿಂತೆ.

“ಆ ಸವಾಲು ನಮಗಿಲ್ರಿ. ನಮ್ಮ ಮೇಡಂ ಬಿಟ್ಟು ಹೋಗೋ ಪೈಕಿ ಅಲ್ಲ” ಎಂದೆ.

ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಏನನ್ನೋ ಹುಡುಕುತ್ತ ‘ವೆರಿ ಗುಡ್’ ಎಂದು ಮುಂದಿನವಳತ್ತ ತಿರುಗಿದರು. ನಾನು ಹೊಗಳಿಕೆಯೆಂದೇ ತಿಳಿದು ಬೀಗುತ್ತ ಕೂತೆ.

ನಮ್ಮದು ಭೀಮಾ ನದಿಯ ಆಚೆಯ ಒಂದು ಹಳ್ಳಿಯ ಸಣ್ಣ ಆಸ್ಪತ್ರೆ. ಟ್ರಸ್ಟಿನದು. ಇದ್ದದ್ದು ಒಬ್ಬರೇ ಡಾಕ್ಟರು. ಓದಿದ್ದು ಹೆರಿಗೆ ವಿಭಾಗವಾದರೂ ಹಲ್ಲುನೋವಿನಿಂದ ಚೇಳು ಕಡಿತದವರೆಗೆ ಎಲ್ಲಕ್ಕೂ ಅವರೇ. ಬೆಂಗಳೂರಿನ ಪುಲಿಕೇಶಿನಗರದಲ್ಲಿ ಹುಟ್ಟಿ ಬೆಳೆದವರು. ಬಂದ ಹೊಸತರಲ್ಲಿ ಅವರ ಕನ್ನಡದಲ್ಲಿ ಅರ್ಧ ತಮಿಳು, ಅರ್ಧ ಇಂಗ್ಲಿಷು. ನಮ್ಮ ಹೆಂಗಸರು ತಮ್ಮ ಕಷ್ಟ ಹೇಳಿಕೊಳ್ಳುವಾಗ ಅವರು ನನ್ನ ಮುಖ ನೋಡುತ್ತಿದ್ದರು, ನಾನು ಬಿಡಿಸಿ ಹೇಳುತ್ತಿದ್ದೆ. ಬರಬರುತ್ತ ಅವರೇ ‘ಯಾವಾಗಿಂದ ಬ್ಯಾನಿ ಬರಾಕತ್ಯಾವವ್ವಾ’ ಎಂದು ಕೇಳುವಷ್ಟು ಪಳಗಿದರು. ಆಪರೇಷನ್ ಕೋಣೆಯಲ್ಲಿ ಅವರು ಕೈ ಚಾಚಿದರೆ ಬೇಕಾದದ್ದು ಕೈಯಲ್ಲಿರುತ್ತಿತ್ತು, ಬಾಯಿ ಬಿಟ್ಟು ಕೇಳಬೇಕಾಗಿರಲಿಲ್ಲ. ಸುತ್ತಲ ಹಳ್ಳಿಗಳವರು ನಮ್ಮಿಬ್ಬರನ್ನೂ ಸೇರಿಸಿಯೇ ಹೆಸರಿಸುತ್ತಿದ್ದರು.

ಒಮ್ಮೆ ನನಗೆ ಸರ್ಕಾರಿ ಕೆಲಸದ ಆದೇಶ ಬಂದಿತ್ತು. ಜಿಲ್ಲಾ ಆಸ್ಪತ್ರೆಯಲ್ಲಿ, ಪಾಳಿ ಮುಗಿದರೆ ಮನೆಗೆ ಹೋಗುವಂಥ ಕೆಲಸ. ವಿಷಯ ತಿಳಿದ ಸಂಜೆ ಮೇಡಂ ನಮ್ಮ ಮನೆಯ ಕಟ್ಟೆಗೆ ಬಂದು ಕೂತರು. ಚಹಾ ಕೊಟ್ಟರೆ ಮುಟ್ಟಲಿಲ್ಲ. “ನೀವು ಹೋದ್ರೆ ನಾನೊಬ್ಳೇ ಏನ್ ಮಾಡ್ಲಿ ಸಿಸ್ಟರ್? ನೀವಿರೋವರೆಗೂ ನಾನಿರ್ತೀನಿ. ಪ್ರಾಮಿಸ್” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಆದೇಶವನ್ನು ಮಡಚಿ ಟ್ರಂಕಿನಲ್ಲಿಟ್ಟೆ. ನಮ್ಮ ಮನೆಯವರು ಎಷ್ಟೋ ದಿನ ನನ್ನೊಂದಿಗೆ ಮಾತು ಬಿಟ್ಟಿದ್ದರು. ಬಿಟ್ಟರೆ ಬಿಡಲಿ, ನನಗೊಬ್ಬ ಅಕ್ಕ ಸಿಕ್ಕಳು ಎಂದುಕೊಂಡೆ.

ಈ ತರಬೇತಿಗೆ ನನ್ನ ಹೆಸರು ಬರೆಸಿದ್ದೂ ಅವರೇ. ನೀವು ಕಲಿತು ಬಂದ ಮೇಲೆ ಹೆರಿಗೆ ಕೋಣೆಯನ್ನು ದೊಡ್ಡದು ಮಾಡೋಣ, ಇಬ್ಬರೂ ಸೇರಿ ಸುತ್ತಲಿನ ನರ್ಸುಗಳಿಗೆಲ್ಲ ಹೇಳಿಕೊಡೋಣ ಎಂದಿದ್ದರು. ಬೆಂಗಳೂರಿನಲ್ಲಿ ಉಳಿಯುವುದೆಲ್ಲಿ ಎಂದರೆ ತಮ್ಮ ತಾಯಿಯ ಮನೆಯನ್ನೇ ತೋರಿಸಿದರು.

ಮಸೀದಿ ರಸ್ತೆಗೆ ಹತ್ತಿರದ, ಹಂಚಿನ ಹಳೆಯ ಮನೆ. ಮಹಡಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ಕೆಳಗೆ ಮೇಡಂ ಅವರ ತಾಯಿ, ನನಗೆ ಆಂಟಿ. ಸದಾ ಸದ್ದುಗದ್ದಲ. ಆಂಟಿ ಚರ್ಚಿನಲ್ಲಿ ಹಾಡುವವರು, ಮೀನು ಉಜ್ಜುವಾಗಲೂ ಹಾಡು. ನಾನು ಮೀನು ತಿನ್ನುವುದಿಲ್ಲ ಎಂದು ತಿಳಿದ ಮೇಲೆ ನನಗಾಗಿ ಬೇರೆ ಪಾತ್ರೆ ತೆಗೆದಿಟ್ಟು ಬದನೆಕಾಯಿ ಪಲ್ಯ ಮಾಡಿದರು. ಅದಕ್ಕೂ ತೆಂಗಿನಕಾಯಿ ಸುರಿದಿದ್ದರು, ಇರಲಿ. ಬೆಳಿಗ್ಗೆ ಡಬ್ಬಿ ಕಟ್ಟಿಕೊಟ್ಟು, ಹಲಸೂರಿಗೆ ಹೋಗುವ ಬಸ್ಸು ಹತ್ತಿಸಿ, ಅಲ್ಲಿಂದ ಮೆಟ್ರೋದಲ್ಲಿ ಮುಂದಿನ ನಿಲ್ದಾಣವೇ ಇಂದಿರಾನಗರ, ಮಲಗಿಬಿಡಬೇಡ ಎಂದು ದಿನವೂ ಎಚ್ಚರಿಸುವರು. ಇಷ್ಟು ಅಕ್ಕರೆಯನ್ನು ನನ್ನ ತವರಲ್ಲೂ ಕಂಡಿರಲಿಲ್ಲ.

ಭಾನುವಾರಗಳಂದು ಕೆ.ಆರ್. ಪುರಕ್ಕೆ ಹೋಗುತ್ತಿದ್ದೆ. ನನ್ನ ಅಕ್ಕನ ಮಗಳು ಅಲ್ಲಿ ಗಂಡನೊಂದಿಗೆ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಅವನದು ಸೆಂಟ್ರಿಂಗ್ ಕೆಲಸ. ಅವಳಿಗೆ ಎರಡನೆಯ ಬಸುರು, ದಿನ ತುಂಬುತ್ತ ಬಂದಿತ್ತು. ಮೊದಲನೆಯದು ಅಡ್ಡ ತಿರುಗಿದ್ದ ಕೂಸು. ನಮ್ಮ ಮೇಡಂ ಆಪರೇಷನ್ ಮಾಡಿ ತಾಯಿ ಮಗು ಇಬ್ಬರನ್ನೂ ಉಳಿಸಿದ್ದರು. ಹಾಗಾಗಿ ಈ ಸಲವೂ ಆಪರೇಷನ್ ಆಗಬಹುದು ಎಂಬುದು ನನಗೆ ಗೊತ್ತಿತ್ತು. ಇಲ್ಲಿಯೇ ದೊಡ್ಡ ಆಸ್ಪತ್ರೆಗೆ ತೋರಿಸೋಣ ಎಂದು ಗಂಡ ಹೇಳಿದರೆ ಅವಳು ಕೇಳುವವಳಲ್ಲ. “ಊರಾಗ ನೀ ಇರ್ತಿ, ಮೇಡಂ ಇರ್ತಾರ. ಇಲ್ಲಿ ನನ್ನ ಕೈ ಹಿಡಿಯೋರು ಯಾರದಾರ, ಚಿಗವ್ವ?” ಎಂದಳು. ನಾನೂ ಬಾ ಎಂದೆ. ನನ್ನ ತರಬೇತಿ ಮುಗಿದ ದಿನವೇ ಇಬ್ಬರೂ ಒಂದೇ ರೈಲಿಗೆ ಹೋಗುವುದೆಂದು ಟಿಕೆಟ್ಟೂ ಆಯಿತು.

ಕೊನೆಯ ವಾರದಲ್ಲಿ ಆಂಟಿ ಮನೆಯ ಮುಂದಿನ ಕೋಣೆಗೆ ಸುಣ್ಣಬಣ್ಣ ಮಾಡಿಸಿದರು. ಕಪಾಟನ್ನು ಗೋಡೆಗೆ ಸರಿಸಲು ನಾನು ಕೈಜೋಡಿಸಿದೆ. ಯಾರು ಬರುತ್ತಾರೆ ಆಂಟಿ, ಹೊಸ ಬಾಡಿಗೆಯವರೇ ಎಂದು ಸುಮ್ಮನೆ ಕೇಳಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

“ನನ್ ಮಗ್ಳು ಬರ್ತಾಳೆ ಮಾ. ನಿನ್ ಟ್ರೈನಿಂಗ್ ಮುಗಿದ್ರೆ ಟ್ರಸ್ಟ್‌ನವ್ರು ಅವ್ಳನ್ನ ಬಿಟ್ಬಿಡ್ತಾರಂತೆ. ನಿಮ್ ಇಂದಿರಾನಗರ್ ಆಫೀಸಲ್ಲೇ ಕೆಲಸ, ಪಾಠ ಹೇಳೋದು. ಅಲ್ಲಿ ನೀನ್ ನೋಡ್ಕೊಳ್ಳೋಕೆ ಒಪ್ಕೊಂಡೆ ಅಂತ ತಾನೇ ಎಲ್ಲಾ ಆಗಿದ್ದು? ನಿನ್ ಹೊಟ್ಟೆ ತಣ್ಣಗಿರ್ಲಿ.”

ಆ ಮುದುಕಿಗೆ ಕಪಟ ಗೊತ್ತಿಲ್ಲ. ನನಗೆ ಗೊತ್ತಿದೆ ಎಂದೇ ಅವರು ತಿಳಿದಿದ್ದರು. ಇಷ್ಟು ದಿನ ಉಣಿಸಿದ ಪಲ್ಯ, ಕಟ್ಟಿದ ಡಬ್ಬಿ, ಎಲ್ಲವೂ ನನ್ನ ಒಪ್ಪಿಗೆಗೆ ಹೇಳಿದ ಥ್ಯಾಂಕ್ಸು. ಹೌದು ಆಂಟಿ ಎಂದೆ, ಇನ್ನೇನು ಅನ್ನಲಿ? ಕಪಾಟನ್ನು ಪೂರ್ತಿ ಗೋಡೆಗೆ ಒತ್ತಿ, ಡಬ್ಬಿ ತೆಗೆದುಕೊಂಡು ಬಸ್ಸಿಗೆ ಹೋದೆ.

ಆವತ್ತಿನ ಪಾಠದಲ್ಲಿ ಮೇಷ್ಟ್ರು ಪರದೆಯ ಮೇಲೆ ಒಂದು ಚಿತ್ರ ತೋರಿಸಿದರು. ಎಡಗಡೆ ಸವಾಲು, ಬಲಗಡೆ ಪರಿಹಾರ. ವೈದ್ಯರ ಕೊರತೆ ಎಂಬುದರ ಎದುರಿಗೆ ‘ನರ್ಸುಗಳಿಗೆ ಹೆಚ್ಚಿನ ತರಬೇತಿ’ ಎಂದಿತ್ತು. ಇದನ್ನು ಮೊದಲೂ ತೋರಿಸಿದ್ದರು, ನಾನು ಪಟಪಟನೆ ಬರೆದುಕೊಂಡಿದ್ದೆ. ಪರಿಹಾರ ಎಂದರೆ ನಾನೇ ಎಂದು ಆಗ ಹೊಳೆದಿರಲಿಲ್ಲ. ಮೊದಲ ದಿನ ನಾನು ಎದ್ದು ನಿಂತು ಜಂಬ ಪಡುವಾಗ ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು, ಅದಕ್ಕೇ ಮುಖ ನೋಡಲಿಲ್ಲ. ನಾಚಿಕೆಯೋ ಸಿಟ್ಟೋ, ಎ.ಸಿ. ಕೋಣೆಯಲ್ಲೂ ನನ್ನ ಬೆನ್ನು ಬೆವರಿತು.

ಊರಿಗೆ, ಮೇಡಂಗೆ ಫೋನ್ ಮಾಡಲು ಎಷ್ಟೋ ಸಲ ಕೈ ಹೋಯಿತು. ಮಾಡಲಿಲ್ಲ. ಇಂಥದ್ದನ್ನು ಮುಖ ನೋಡಿಯೇ ಕೇಳಬೇಕು. ಕೊನೆಯ ದಿನದ ಪರೀಕ್ಷೆಗೆ ಅವರು ಪರೀಕ್ಷಕರಾಗಿ ಬರುತ್ತಿದ್ದಾರೆ ಎಂದು ಕೇಂದ್ರದವರೇ ಹೇಳಿದ್ದರು.

ಬಂದರು. ಬಂಗಲೆಯ ಮೆಟ್ಟಿಲ ಮೇಲೆಯೇ ಎದುರಾದರು. ನನ್ನನ್ನು ಕಂಡ ಕೂಡಲೇ ತಬ್ಬಿಕೊಳ್ಳಲು ಕೈ ಚಾಚಿದರು, ನಾನು ಒಂದು ಮೆಟ್ಟಿಲು ಹಿಂದೆ ಸರಿದೆ. ಅಷ್ಟರಲ್ಲೇ ಅವರಿಗೆ ತಿಳಿದುಹೋಯಿತು. ಅಮ್ಮ ಹೇಳಿಬಿಟ್ಟರಾ ಎಂದು ಕೇಳಿದರು.

“ನೀವ್ಯಾಕ ಹೇಳಲಿಲ್ರಿ ಮೇಡಂ?”

ಅವರು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. “ಹೇಳಿದ್ರೆ ನೀವು ಟ್ರೈನಿಂಗಿಗೆ ಬರ್ತಿರ್ಲಿಲ್ಲ. ನಂಗೂ ಆಗ್ತಿಲ್ಲ ಸಿಸ್ಟರ್. ಎಷ್ಟ್ ವರ್ಷ ಆಯ್ತು, ಫೋನ್ ಪಕ್ಕಕ್ಕಿಟ್ಟು ನೆಮ್ಮದಿಯಾಗಿ ಮಲಗಿಲ್ಲ ನಾನು.”

“ನಾ ಮಲಗೀನೇನ್ರಿ?” ಎಂದೆ.

ಅವರು ದಣಿದಿದ್ದರು, ಅದು ಸುಳ್ಳಲ್ಲ. ಆ ಕಣ್ಣ ಕೆಳಗಿನ ಕಪ್ಪು ಹೇಗೆ ಬಂತೆಂದು ಪಕ್ಕದಲ್ಲೇ ನಿಂತು ಕಂಡವಳು ನಾನು. ಹೋಗುತ್ತೇನೆ ಎಂದು ನನ್ನ ಮನೆಯ ಕಟ್ಟೆಗೆ ಬಂದು ಹೇಳಿದ್ದರೆ ಅಳುತ್ತಿದ್ದೆ, ಜಗಳವಾಡುತ್ತಿದ್ದೆ, ಆಮೇಲೆ ನಾನೇ ಅವರ ಚೀಲ ಹೊತ್ತು ಬಸ್ಸಿಗೆ ಹತ್ತಿಸುತ್ತಿದ್ದೆ. ಹಾಗೆ ಮಾಡಲಿಲ್ಲ. ನನ್ನನ್ನು ಉಳಿಸಿಕೊಳ್ಳುವಾಗ ಕಟ್ಟೆ ನೆನಪಾಯಿತು, ಬಿಟ್ಟು ಹೋಗುವಾಗ ಆಗಲಿಲ್ಲ.

ನನ್ನ ಮಗಳಂಥವಳ ಹೆರಿಗೆ ಇದೆ, ಅಲ್ಲಿಯವರೆಗಾದರೂ ಇರಿ ಎಂದು ಬೇಡಿದೆ. ಸಿಟ್ಟಿನಲ್ಲಿದ್ದವಳು ಬೇಡಬಾರದಿತ್ತು, ಬೇಡಿದೆ. ಇಲ್ಲಿ ಸೇರುವ ದಿನ ಗೊತ್ತಾಗಿದೆ ಎಂದರು. ಅವಳನ್ನು ಇಲ್ಲೇ ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಊರಿಗೆ ಕರೆದುಕೊಂಡು ಹೋಗಬೇಡಿ, ಮತ್ತೆ ಆಪರೇಷನ್ ಬೇಕಾದರೆ ಅಲ್ಲಿ ಮಾಡುವವರು ಇರುವುದಿಲ್ಲ ಎಂದು ಡಾಕ್ಟರ ದನಿಯಲ್ಲಿ ತಿಳಿಹೇಳಿದರು. ಅದನ್ನು ನನಗೇ ಹೇಳಿಕೊಡುತ್ತಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಹೊಸ ಡಾಕ್ಟರು ಯಾವಾಗ ಬರುತ್ತಾರೆ ಎಂದರೆ, ಟ್ರಸ್ಟಿನವರು ಹುಡುಕುತ್ತಿದ್ದಾರೆ, ಅಲ್ಲಿಯವರೆಗೆ ನೀವಿದ್ದೀರಲ್ಲ ಎಂದರು.

ಅಲ್ಲೇ ಕೆ.ಆರ್. ಪುರಕ್ಕೆ ಫೋನ್ ಮಾಡಿ ಊರಿಗೆ ಬರುವುದು ಬೇಡ, ಟಿಕೆಟ್ ರದ್ದು ಮಾಡಿಸಿಬಿಡು ಎಂದೆ. ಯಾಕೆ ಚಿಗವ್ವ ಎಂದಳು. ಮೇಡಂ ಇರುವುದಿಲ್ಲ ಎಂದೆ. ಆಮೇಲೆ, “ನೀನರ ಬರ್ತಿ ಹೌದಿಲ್ಲೊ, ನನ್ನ ಹೆರಿಗಿಗೆ?” ಎಂದು ಕೇಳಿದಳು. ನಮ್ಮ ಆಸ್ಪತ್ರೆಯಲ್ಲಿ ಇನ್ನು ನನ್ನ ಬಿಟ್ಟರೆ ಯಾರೂ ಇಲ್ಲ ಎಂಬುದು ಆಗ ನನಗೇ ಅರ್ಥವಾಯಿತು. ಬರಲಾಗುವುದಿಲ್ಲ ಎಂದು ಅವಳಿಗೆ ಹೇಳಿದವಳು ನಾನು. ಬಿಟ್ಟುಹೋದವರು ಅವರು, ಕೈಕೊಟ್ಟವಳು ಎಂಬ ಹೆಸರು ನನಗೆ.

ನನ್ನನ್ನು ಪರೀಕ್ಷೆಗೆ ಕರೆದರು. ನಾಪಾಸಾಗಬೇಕು ಎಂದೇ ಒಳಗೆ ಹೋದೆ. ನಾನು ನಾಪಾಸಾದರೆ ಟ್ರಸ್ಟಿನವರು ಇವರನ್ನು ಅಷ್ಟು ಸುಲಭಕ್ಕೆ ಬಿಡಲಾರರು, ಇನ್ನಷ್ಟು ದಿನವಾದರೂ ತಡೆಯುತ್ತಾರೆ ಎಂಬ ಲೆಕ್ಕ ನನ್ನದು. ಮಂಚದ ಮೇಲೆ ರಬ್ಬರಿನ ಹೆಂಗಸು. ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ, ಏನು ಮಾಡುತ್ತೀರಿ ಎಂದು ಮೇಷ್ಟ್ರು ಕೇಳಿ, ಕೆಳಗೆ ಕಟ್ಟಿದ್ದ ಚೀಲದಿಂದ ಕೆಂಪು ನೀರು ಬಿಟ್ಟರು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಮೇಡಂ ಕೂತಿದ್ದರು, ತೊಡೆಯ ಮೇಲೆ ಅಂಕಪಟ್ಟಿ.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ್ದು ಕೂಗಿ ಸಹಾಯಕ್ಕೆ ಕರೆಯುವುದು. ಉಳಿದವರೆಲ್ಲ ಗಾಳಿಗೆ ‘ಹೆಲ್ಪ್’ ಎಂದು ಹೇಳಿ ಮುಂದಕ್ಕೆ ಹೋಗಿದ್ದರು. ನಾನು ತಿರುಗಿ ಆ ಕುರ್ಚಿಯ ಕಡೆ ನೋಡಿದೆ.

“ಮೇಡಂ, ಲಗೂನ ಬರ್ರಿ” ಎಂದೆ.

ನಮ್ಮ ಹೆರಿಗೆ ಕೋಣೆಯಲ್ಲಿ ಕರೆಯುತ್ತಿದ್ದ ದನಿಯೇ ಬಂದುಬಿಟ್ಟಿತ್ತು. ಆ ದನಿಗೆ ಅವರು ಊಟದ ತಟ್ಟೆ ಬಿಟ್ಟು ಓಡಿ ಬಂದದ್ದಿದೆ. ಅವರ ಮೊಣಕಾಲು ಒಂದಿಷ್ಟು ಅಲುಗಿದ್ದನ್ನು ಕಂಡೆ. ಮೇಷ್ಟ್ರು ಗಂಟಲು ಸರಿಪಡಿಸಿಕೊಂಡು, “ಡಾಕ್ಟರ್ ಇಲ್ಲ ಅಂದ್ಕೊಳ್ಳಿ ಸಿಸ್ಟರ್” ಎಂದರು. ಮೇಡಂ ತಲೆ ತಗ್ಗಿಸಿದರು. ಏಳಲಿಲ್ಲ.

ಕೆಂಪು ನೀರು ಹರಿಯುತ್ತಲೇ ಇತ್ತು. ನಾಪಾಸಾಗಬೇಕು ಎಂದುಕೊಂಡಿದ್ದೇನೋ ನಿಜ, ಆದರೆ ಕೈ ಕೇಳಬೇಕಲ್ಲ. ಹೊಟ್ಟೆಯನ್ನು ಒತ್ತಿ ತಿಕ್ಕಿದೆ, ಇಂಜೆಕ್ಷನ್ ಎತ್ತಿಕೊಂಡೆ, ಸಲೈನ್ ಏರಿಸಿದೆ, ಮೂತ್ರದ ನಳಿಕೆ ಹಾಕಿದೆ. ರಬ್ಬರೇ ಆಗಲಿ, ರಕ್ತ ಹೋಗುವ ಹೆಂಗಸನ್ನು ನೋಡುತ್ತ ನಿಲ್ಲುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕೆಲಸ ಕಲಿಸಿದವರೇ ಕುರ್ಚಿಯಲ್ಲಿ ಕೂತಿದ್ದರು. ಕೆಂಪು ನೀರು ನಿಂತಿತು, ಕೋಣೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಆವತ್ತಿನ ರೈಲಿಗೆ ನಾನೊಬ್ಬಳೇ ಹೋದೆ. ಅಕ್ಕನ ಮಗಳು ಶಿವಾಜಿನಗರದಲ್ಲೇ ಹೆತ್ತಳು, ಮತ್ತೆ ಆಪರೇಷನ್ನೇ ಆಯಿತು, ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದಾರೆ. ಅವಳ ಕೈ ಹಿಡಿದು ಕೂತವಳು ಪಕ್ಕದ ಹಾಸಿಗೆಯ ಬಾಣಂತಿಯ ತಾಯಿಯಂತೆ. ನಮ್ಮ ಆಸ್ಪತ್ರೆಗೆ ಡಾಕ್ಟರು ಇನ್ನೂ ಬಂದಿಲ್ಲ. ಇಂದಿರಾನಗರದಲ್ಲಿ ಗ್ರಾಮೀಣ ಆಸ್ಪತ್ರೆಗಳ ಸವಾಲುಗಳ ಪಾಠವನ್ನು ಈಗ ಮೇಡಂ ಅವರೇ ಮಾಡುತ್ತಾರೆ.

ಆ ಪರೀಕ್ಷೆಯ ಅಂಕಪಟ್ಟಿಯನ್ನು ಆಮೇಲೆ ನನಗೂ ಕಳಿಸಿದರು. ಎಲ್ಲ ಅವರದೇ ಕೈಬರಹ. ಮೊದಲನೆಯ ಸಾಲು, ‘ಸಹಾಯಕ್ಕೆ ಕರೆದರು.’ ಅದರ ಮುಂದೆ ಸರಿ ಗುರುತು ಹಾಕಿ, ಪೂರ್ತಿ ಅಂಕ ಕೊಟ್ಟಿದ್ದರು.